ಮುದ್ರೆ ಇಲ್ಲದ ಒರೆಗೂ ಊರಿದೆ

ಹಳೆಯ ಚರ್ಮದ ಪಿಸ್ತೂಲು ಒರೆ ಕೈಗೆ ಸಿಕ್ಕರೆ ಎಲ್ಲರೂ ಮೊದಲು ಹುಡುಕುವುದು ಅಂಗಡಿಯ ಮುದ್ರೆ. ನಾನು ಹೇಳುವುದು, ಮೊದಲು ಅದನ್ನು ತಿರುಗಿಸಿ ಬೆನ್ನು ನೋಡಿ. ಮುದ್ರೆಯನ್ನು ಯಾರು ಯಾವಾಗ ಬೇಕಾದರೂ ಒತ್ತಬಹುದು, ಅಲ್ವಾ? ಚರ್ಮ ಕತ್ತರಿಸಿದ ರೀತಿ ಮತ್ತು ಹೊಲಿಗೆಯನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ.

ಅಮೆರಿಕದ ಪಶ್ಚಿಮ ಭಾಗದ ಒರೆಗಳನ್ನೇ ನೋಡಿ. 1870ರ ನಂತರ ಅಲ್ಲಿ ಹೆಚ್ಚು ಬಳಕೆಗೆ ಬಂದದ್ದು ಮೆಕ್ಸಿಕನ್ ಲೂಪ್ ಮಾದರಿ. ಒರೆಯ ಹಿಂದೆ ಅಗಲವಾದ ಚರ್ಮದ ಪಟ್ಟಿಯನ್ನು ಕೆಳಕ್ಕೆ ಮಡಚಿ, ಅದರಲ್ಲಿ ಸೀಳು ಮಾಡಿ, ಒರೆಯನ್ನು ಆ ಸೀಳಿನೊಳಗೆ ತೂರಿಸುತ್ತಿದ್ದರು. ವಯೋಮಿಂಗ್‌ನ ಶಯೆನ್ ಪಟ್ಟಣದ ಕುಶಲಕರ್ಮಿಗಳು ಒರೆಯ ಕೆಳತುದಿಗೆ ಬೇರೊಂದು ಚರ್ಮದ ತುಂಡು ಸೇರಿಸಿ ಹೊಲಿದರು. ಅದಕ್ಕೇ ಶಯೆನ್ ಪ್ಲಗ್ ಎಂಬ ಹೆಸರು ಬಂತು. ಅದೇ ಊರಿನ ಎಫ್. ಎ. ಮೀನಿಯಾ ಅಂಗಡಿಯ ಒರೆಗಳು ಈ ತುದಿಗೇ ಹೆಸರಾದವು. ಆದರೆ ತುದಿ ಕಂಡ ಕೂಡಲೇ ಮೀನಿಯಾ ಎಂದುಬಿಡಬೇಡಿ. ಕೆಲಸಗಾರರು ಅಂಗಡಿ ಬದಲಿಸುತ್ತಿದ್ದರು, ಅವರ ಜೊತೆ ಮಾದರಿಯೂ ಹೋಗುತ್ತಿತ್ತು.

ಆಗ ನೆರವಿಗೆ ಬರುವುದು ಭೂತಗನ್ನಡಿ. ಕೈಹೊಲಿಗೆಯಲ್ಲಿ ಒಂದೇ ದಾರ, ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಸೂಜಿ ಎದುರುಬದುರಾಗಿ ದಾಟುತ್ತವೆ. ಒಂದು ಕಡೆ ದಾರ ಸವೆದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳು ಚರ್ಮದ ಮಧ್ಯೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಕೈಯಲ್ಲಿ ದಬ್ಬಳದಿಂದ ತೂತು ಹಾಕಿದ್ದರೆ ಬೆನ್ನಿನ ಕಡೆ ಸಾಲು ಸ್ವಲ್ಪ ಅಂಕುಡೊಂಕಾಗಿರುತ್ತದೆ. ಆ ಡೊಂಕು ನನಗೆ ತುಂಬ ಇಷ್ಟ, ಅದು ಒಬ್ಬ ಮನುಷ್ಯನ ಕೈಬರಹ ಇದ್ದ ಹಾಗೆ. ದಾರ ನೈಲಾನ್ ಆಗಿದ್ದರೆ ಅದು 1938ಕ್ಕಿಂತ ಮುಂಚಿನದಲ್ಲ. ಅಗಸೆ ನಾರಿನ ಲಿನನ್ ದಾರವಾದರೆ ಜೇನುಮೇಣದ ಹೊಳಪು ಕೆಲವೊಮ್ಮೆ ಉಳಿದಿರುತ್ತದೆ. ಹಳೆಯ ಒರೆಯನ್ನು ರಿಪೇರಿಯಲ್ಲಿ ಹೊಸ ದಾರದಿಂದ ಹೊಲಿದಿರಲೂಬಹುದು. ಹಾಗಾಗಿ ತೂತುಗಳನ್ನೂ ನೋಡಬೇಕು. ಹಳೆಯ ತೂತಿನ ಪಕ್ಕ ಹೊಸ ತೂತು ಇದ್ದರೆ ಯಾರೋ ಬಿಚ್ಚಿ ಹೊಲಿದಿದ್ದಾರೆ ಎಂದರ್ಥ.

ಚರ್ಮಕ್ಕೂ ನೆನಪಿದೆ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮದ ಎಳೆಗಳನ್ನು ತೊಗಟೆಯ ಒಗರು ಪದಾರ್ಥವಾದ ಟ್ಯಾನಿನ್ ಗಟ್ಟಿಯಾಗಿ ಹಿಡಿಯುತ್ತದೆ. ಅಂಥ ಚರ್ಮ ಒದ್ದೆಯಾದಾಗ ಬಾಗುತ್ತದೆ, ಒಣಗಿದಾಗ ಆ ಆಕಾರದಲ್ಲೇ ನಿಲ್ಲುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಹಾಗೆ ನಿಲ್ಲುವುದಿಲ್ಲ, ಕತ್ತರಿಸಿದ ಅಂಚು ಹಲವು ಸಲ ನೀಲಿ ಬೂದು ಬಣ್ಣದಲ್ಲಿ ಕಾಣುತ್ತದೆ. ಹಾಗಾಗಿ ತೊಗಟೆ ಹದದ ಒರೆಯೊಳಗೆ ಬೆರಳಾಡಿಸಿದರೆ ಯಾವ ಪಿಸ್ತೂಲು ಎಷ್ಟು ಉದ್ದದ್ದೆಂದು ಸುಳಿವು ಸಿಗುತ್ತದೆ. 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ಎಂಬ ರಿವಾಲ್ವರಿನ ನಳಿಕೆ ಸಾಮಾನ್ಯವಾಗಿ ನಾಲ್ಕೂಮುಕ್ಕಾಲು, ಐದೂವರೆ, ಏಳೂವರೆ ಇಂಚಿನದು. ಏಳೂವರೆಯ ಒರೆಯೊಳಗೆ ಚಿಕ್ಕ ನಳಿಕೆಯ ಅಚ್ಚು ಕಂಡರೆ, ಒಡೆಯ ಪಿಸ್ತೂಲನ್ನು ಬದಲಿಸಿಕೊಂಡಿರಬೇಕು.

ಇದೆಲ್ಲ ನೋಡಿ ಮುಗಿಯುವವರೆಗೆ ದಯವಿಟ್ಟು ಒರೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆ ಚರ್ಮವನ್ನು ಕಪ್ಪಾಗಿಸಿ ತೂತು, ಅಚ್ಚು, ಅಂಚಿನ ಬಣ್ಣ ಎಲ್ಲವನ್ನೂ ಮಸುಕು ಮಾಡುತ್ತದೆ.