15 ಸಲ ರೀಸ್ಟಾರ್ಟ್ ಮಾಡಿ ನೋಡಿ

ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡಿದರೆ ಐಟಿ ಸಪೋರ್ಟಿನವರು ಮೊದಲು ಏನು ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು: ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ.’ ನಮ್ಮ ಕಸುಬಿನ ಮೇಲಿರುವ ಅತಿ ಹಳೆಯ ತಮಾಷೆ ಇದು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ 2024ರ ಜುಲೈ 19ರಂದು ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವಲ್ಲ, ಅವತ್ತು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಸೇವೆಯಾದ ಅಜೂರ್‌ನ ಗ್ರಾಹಕರಿಗೆ ಇದೇ ಮಾತನ್ನು ಅಧಿಕೃತವಾಗಿ ಹೇಳಿತು. ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಮಾಡಿ. ಕೆಲವರಿಗೆ 15 ಸಲ ಮಾಡಬೇಕಾಯಿತಂತೆ.

ಆ 15ರ ಮೇಲೆ ಎಷ್ಟು ಜೋಕ್ ಹುಟ್ಟಿದವೋ ಲೆಕ್ಕವಿಲ್ಲ. ನಾನೂ ನಕ್ಕೆ. ಆದರೆ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು ಬರೀ ನಕ್ಕು ಸುಮ್ಮನಾಗಲಿಲ್ಲ, ಸಂಖ್ಯೆ ಕೇಳಿದ ಕೂಡಲೇ ‘ಓಹೋ, ಇದು ಓಟದ ಪಂದ್ಯ’ ಎಂದರು. ಯಂತ್ರ ಏಳುವಾಗ ಎರಡು ಕೆಲಸ ಶುರುವಾಗುತ್ತವೆ. ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶ ಡಿಸ್ಕ್‌ನಲ್ಲಿರುವ ಕೆಟ್ಟ ಕಡತವನ್ನು ಓದಲು ಹೊರಡುತ್ತದೆ, ಓದಿದರೆ ಯಂತ್ರ ಬೀಳುತ್ತದೆ. ಅತ್ತ ನೆಟ್‌ವರ್ಕ್ ಸಂಪರ್ಕವೂ ಎದ್ದೇಳುತ್ತಿರುತ್ತದೆ, ಅದು ಮೊದಲು ಎದ್ದರೆ ಸರಿಪಡಿಸಿದ ಕಡತ ಇಳಿದುಬಂದು ಯಂತ್ರ ಉಳಿಯುತ್ತದೆ. ಯಾವುದು ಮೊದಲು ಗೆಲ್ಲುತ್ತದೋ ಹೇಳುವ ಹಾಗಿಲ್ಲ. ಅದಕ್ಕೇ 15 ಸಲ. ವೈಫೈ ಬಿಟ್ಟು ಕೇಬಲ್ ಸಿಕ್ಕಿಸಿ ಎಂಬ ಸಲಹೆ ಬಂದದ್ದೂ ಇದೇ ಕಾರಣಕ್ಕೆ, ಕೇಬಲ್ ಬೇಗ ಎದ್ದೇಳುತ್ತದೆ.

ತಂತ್ರಜ್ಞಾನದ ಸುದ್ದಿ ಬಂದಾಗಲೆಲ್ಲ ನಡೆಯುವ ತಮಾಷೆ, ವಾಗ್ವಾದ ಎರಡನ್ನೂ ನಾನು ಗಂಭೀರವಾಗಿಯೇ ಓದುತ್ತೇನೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ ಹುಟ್ಟಿದ ಜೋಕ್‌ನಲ್ಲಿ ಬಹುಪಾಲು ರೋಗನಿದಾನವೇ ಅಡಗಿರುತ್ತದೆ. ಯಾರೋ ಒಬ್ಬರನ್ನು ಹಿಡಿದು ಹುಟ್ಟಿದ ಜೋಕ್ ಬಹುಪಾಲು ದಾರಿ ತಪ್ಪಿಸುತ್ತದೆ. ಆ ಶುಕ್ರವಾರ ಎರಡೂ ಧಾರಾಳವಾಗಿ ಸಿಕ್ಕವು.

ಶುಕ್ರವಾರ ಎಂದೆನಲ್ಲ, ಅಲ್ಲಿಂದಲೇ ಶುರು ಮಾಡೋಣ. ‘ಶುಕ್ರವಾರ ಯಾರಾದರೂ ಡಿಪ್ಲಾಯ್ ಮಾಡ್ತಾರೇನ್ರೀ?’ ಡಿಪ್ಲಾಯ್ ಎಂದರೆ ಹೊಸ ಕೋಡನ್ನು ಬಳಕೆಗೆ ಬಿಡುವುದು. ಸಾಫ್ಟ್‌ವೇರ್ ಲೋಕದ ಮಡಿ-ಮೈಲಿಗೆಗಳಲ್ಲಿ ಇದು ಮೊದಲನೆಯದು. ವಾರಾಂತ್ಯ ಹಾಳಾಗುತ್ತದೆ, ಕೆಟ್ಟರೆ ಸರಿ ಮಾಡಲು ಜನ ಸಿಗುವುದಿಲ್ಲ. ಆ ಕಡತ ಹೊರಟದ್ದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ 04:09ಕ್ಕೆ. ನಮಗೆ ಶುಕ್ರವಾರ ಬೆಳಗ್ಗೆ 9:39, ಬೆಂಗಳೂರಿನ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ತೆರೆಯುವ ಹೊತ್ತು. ಆದರೆ ಕ್ರೌಡ್‌ಸ್ಟ್ರೈಕ್‌ನ ಕೇಂದ್ರ ಕಚೇರಿ ಇರುವ ಆಸ್ಟಿನ್‌ನಲ್ಲಿ ಆಗ ಗುರುವಾರ ರಾತ್ರಿ 11:09. ಕಳಿಸಿದವರ ಪಂಚಾಂಗದಲ್ಲಿ ಅದು ಶುಕ್ರವಾರವೇ ಅಲ್ಲ! ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಹೊಸ ದಾಳಿಯ ಗುರುತುಗಳನ್ನು ಹೊತ್ತ ಇಂಥ ಕಡತಗಳನ್ನು ಭದ್ರತಾ ಕಂಪನಿಗಳು ವಾರ ನೋಡಿ ಕಳಿಸುವುದಿಲ್ಲ, ಕಳ್ಳ ಶುಕ್ರವಾರ ರಜೆ ಹಾಕುವುದಿಲ್ಲವಲ್ಲ. ಕಡತವನ್ನು 05:27ಕ್ಕೆ, ಅಂದರೆ 78 ನಿಮಿಷಗಳಲ್ಲಿ, ಹಿಂದಕ್ಕೆ ಪಡೆದರು. ಅಷ್ಟರೊಳಗೆ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಯಂತ್ರಗಳಿಗೆ ಪೆಟ್ಟು ಬಿದ್ದಿತ್ತು. ಒಟ್ಟು ವಿಂಡೋಸ್ ಯಂತ್ರಗಳ ಲೆಕ್ಕದಲ್ಲಿ ಇದು ಶೇ 1ಕ್ಕಿಂತ ಕಡಿಮೆ. ಆದರೆ ಆ ಶೇ 1 ಇದ್ದದ್ದು ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಲ್ಲಿ. ಇಂಥ ತಂತ್ರಾಂಶಕ್ಕೆ ದುಡ್ಡು ಕೊಡುವವರೇ ಅವರು.

ಎರಡನೆಯ ಜೋಕ್ ಇಂಟರ್ನ್‌ನದು. ‘ಕ್ರೌಡ್‌ಸ್ಟ್ರೈಕ್‌ನಲ್ಲಿ ನನ್ನ ಮೊದಲ ದಿನ, ಸಣ್ಣದೊಂದು ಅಪ್‌ಡೇಟ್ ಕಳಿಸಿ ಮಧ್ಯಾಹ್ನ ರಜೆ ಹಾಕಿದೆ’ ಎಂಬ ಧಾಟಿಯಲ್ಲಿ ನಗುಮುಖದ ಚಿತ್ರ ಹಾಕಿಕೊಂಡವನು ಬೆಲ್ಜಿಯಂನ ಒಬ್ಬ ವಿಡಂಬನಕಾರ. ಚಿತ್ರ ತಿದ್ದಿದ್ದು, ಕೆಲಸವೂ ಸುಳ್ಳು. ಲಕ್ಷಾಂತರ ಜನ ನೋಡಿದರು, ಬಹಳ ಮಂದಿ ನಂಬಿಯೂ ಬಿಟ್ಟರು. ನಂಬಲು ಕಾರಣವಿದೆ: ಜಗತ್ತು ನಿಂತುಹೋಗಿರುವಾಗ ‘ಒಬ್ಬ ಮಾಡಿದ’ ಎಂದರೆ ಮನಸ್ಸಿಗೆ ಹಗುರ. ಆ ಒಬ್ಬನನ್ನು ಕೆಲಸದಿಂದ ತೆಗೆದರೆ ಕಥೆ ಮುಗಿಯಿತು.

ನಿಜವಾದ ಕಥೆಯಲ್ಲಿ ಅಂಥ ಒಬ್ಬ ಇಲ್ಲ. ಕ್ರೌಡ್‌ಸ್ಟ್ರೈಕ್ ಆಗಸ್ಟ್ 6ರಂದು ಪ್ರಕಟಿಸಿದ ಮೂಲ ಕಾರಣದ ವರದಿ ಓದಲು ಸ್ವಲ್ಪ ತಾಳ್ಮೆ ಬೇಕು, ಓದಿದರೆ ಪತ್ತೇದಾರಿ ಕಾದಂಬರಿಯಷ್ಟೇ ರುಚಿ. 2024ರ ಫೆಬ್ರವರಿಯಲ್ಲಿ ಫಾಲ್ಕನ್‌ನ 7.11ನೇ ಆವೃತ್ತಿ ಬಂತು. ವಿಂಡೋಸ್ ಒಳಗೆ ಒಂದು ಪ್ರೋಗ್ರಾಮ್ ಇನ್ನೊಂದರ ಜತೆ ಮಾತಾಡುವ ಕೊಳವೆಗಳನ್ನು ದಾಳಿಕೋರರು ದುರುಪಯೋಗ ಮಾಡಿಕೊಳ್ಳುತ್ತಾರೆ. ಅದನ್ನು ಹಿಡಿಯಲು ಹೊಸ ಬಗೆಯ ನಿಯಮಗಳನ್ನು ಈ ಆವೃತ್ತಿಯಲ್ಲಿ ಸೇರಿಸಿದರು. ಈ ನಿಯಮದ ನಮೂನೆಯಲ್ಲಿ 21 ಅಂಕಣಗಳಿದ್ದವು. ಆದರೆ ಯಂತ್ರದೊಳಗೆ ಕೂತು ಆ ಅಂಕಣಗಳಿಗೆ ಮಾಹಿತಿ ಒದಗಿಸುವ ಕೋಡ್ ಕೊಡುತ್ತಿದ್ದದ್ದು 20 ಮಾತ್ರ. ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ 21 ಕಲಂ ಇದ್ದು, ಅರ್ಜಿದಾರ 20 ತುಂಬಿ ಕೊಟ್ಟ ಹಾಗೆ. ಕೊನೆಯ ಕಲಂನಲ್ಲಿ ‘ಏನಿದ್ದರೂ ಸರಿ’ ಎಂದು ಇರುವವರೆಗೆ ಗುಮಾಸ್ತ ಅದನ್ನು ನೋಡುವುದೇ ಇಲ್ಲ, ಅರ್ಜಿ ಪಾಸಾಗುತ್ತದೆ. ಪರೀಕ್ಷೆಯಲ್ಲೂ, ಮಾರ್ಚ್-ಏಪ್ರಿಲ್‌ನಲ್ಲಿ ಕಳಿಸಿದ ಮೊದಲ ನಿಯಮಗಳಲ್ಲೂ 21ನೆಯದು ಹಾಗೇ ಇತ್ತು. ಜುಲೈ 19ರಂದು ಕಳಿಸಿದ ನಿಯಮ ಮೊದಲ ಬಾರಿಗೆ 21ನೆಯ ಅಂಕಣದಲ್ಲಿ ಏನಿದೆ ನೋಡು ಎಂದಿತು. ಇಲ್ಲದ ಜಾಗಕ್ಕೆ ಕೋಡ್ ಕೈ ಹಾಕಿತು. ಕಳಿಸುವ ಮುಂಚೆ ತಪಾಸಣೆ ಮಾಡುವ ಪ್ರೋಗ್ರಾಮ್ ಕೂಡ 21 ಬರುತ್ತದೆ ಎಂದೇ ನಂಬಿಕೊಂಡಿತ್ತು, ಹಾಗಾಗಿ ಅದು ತಡೆಯಲಿಲ್ಲ.

ಇಲ್ಲಿ ಯಾರನ್ನು ಬೈಯುತ್ತೀರಿ? ನಮೂನೆ ಬರೆದವರನ್ನೋ, ಒದಗಿಸುವ ಕೋಡ್ ಬರೆದವರನ್ನೋ, ತಪಾಸಣೆಯ ಪ್ರೋಗ್ರಾಮ್ ಬರೆದವರನ್ನೋ? ನನ್ನ ಮಟ್ಟಿಗೆ ತಪ್ಪುಗಳಲ್ಲೆಲ್ಲ ದೊಡ್ಡದು ಬೇರೆಯೇ ಇದೆ. ಇಂಥ ಕಡತವನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳಿಸಿ, ಕಾದು ನೋಡಿ, ಆಮೇಲೆ ಉಳಿದವಕ್ಕೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಒಂದೇ ಏಟಿಗೆ ಎಲ್ಲರಿಗೂ ಹೋಯಿತು. ಅದು ಆಡಳಿತದ ತೀರ್ಮಾನ, ಯಾವ ಇಂಟರ್ನ್‌ನದೂ ಅಲ್ಲ.

ಈ ಪದ್ಧತಿಯ ವಿಷಯ ತಿಳಿಯದೆ ನಡೆದ ಇನ್ನೊಂದು ವಾಗ್ವಾದ ನಮ್ಮಂಥ ಸಿಸ್ಟಮ್ ಅಡ್ಮಿನ್‌ಗಳಿಗೆ ಉರಿ ಹತ್ತಿಸಿತು. ‘ಟೆಸ್ಟ್ ಮಾಡದೆ ಅಪ್‌ಡೇಟ್ ಹಾಕಿದ್ದೇಕೆ?’ ಎಂದು ಕಂಪನಿಗಳ ಐಟಿ ವಿಭಾಗವನ್ನೇ ಕೇಳಿದವರು ಬಹಳ. ನಿಜ ಏನೆಂದರೆ, ಎಚ್ಚರದ ಅಡ್ಮಿನ್‌ಗಳು ಫಾಲ್ಕನ್‌ನ ಆವೃತ್ತಿಯನ್ನು ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದೆಯೇ ಇಟ್ಟುಕೊಂಡಿದ್ದರು. ಆದರೆ ಆ ಹತೋಟಿ ಮೂಲ ತಂತ್ರಾಂಶದ ಆವೃತ್ತಿಗೆ ಮಾತ್ರ ಅನ್ವಯ. ನಿಯಮಗಳ ಕಡತ ಅದನ್ನು ಲೆಕ್ಕಿಸದೆ ನೇರ ಬರುತ್ತಿತ್ತು. ಬಾಗಿಲು ಹಾಕಿಕೊಂಡಿದ್ದವರ ಮನೆಗೂ ಬಂತು. ಬೈಸಿಕೊಂಡವರು ಮಾತ್ರ ಅವರೇ.

‘ವಿಂಡೋಸ್ ಬಿಟ್ಟು ಲಿನಕ್ಸ್ ಬಳಸಿದ್ದರೆ ಹೀಗಾಗುತ್ತಿತ್ತಾ?’ ವಿಂಡೋಸ್‌ಗೆ ಬದಲಿ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಬಗ್ಗೆ ನಮ್ಮ ಕ್ಯಾಂಟೀನುಗಳಲ್ಲಿ ಎಂದೂ ತಣಿಯದ ಜಗಳ ಇದು. ಅದೇ ವರ್ಷದ ಜೂನ್‌ನಲ್ಲಿ ಫಾಲ್ಕನ್ ಹಾಕಿದ ಲಿನಕ್ಸ್ ಸರ್ವರ್‌ಗಳು ಕರ್ನಲ್ ಪ್ಯಾನಿಕ್ ಆಗಿ (ಲಿನಕ್ಸ್‌ನ ನೀಲಿ ಪರದೆ ಎನ್ನಿ) ಬೀಳುತ್ತಿವೆ ಎಂದು ಲಿನಕ್ಸ್ ಒದಗಿಸುವ ರೆಡ್ ಹ್ಯಾಟ್ ಕಂಪನಿ ತನ್ನ ಗ್ರಾಹಕರನ್ನು ಎಚ್ಚರಿಸಿತ್ತು. ಅದು ಸುದ್ದಿಯಾಗಲಿಲ್ಲ, ಜೋಕೂ ಆಗಲಿಲ್ಲ. ವಿಮಾನ ನಿಲ್ದಾಣದ ದೊಡ್ಡ ಪರದೆಗಳಲ್ಲಿ ಲಿನಕ್ಸ್ ಸರ್ವರ್ ಸತ್ತದ್ದು ಕಾಣುವುದಿಲ್ಲವಲ್ಲ. ಇನ್ನು ‘ಸಿ++ ಬದಲು ರಸ್ಟ್‌ನಲ್ಲಿ ಬರೆಯಬೇಕಿತ್ತು’ ಎಂಬ ಬಣ. ಎರಡೂ ಪ್ರೋಗ್ರಾಮಿಂಗ್ ಭಾಷೆಗಳು. ಇದರಲ್ಲಿ ಅರ್ಧ ಸತ್ಯವಿದೆ. ಇಲ್ಲದ 21ನೆಯ ಜಾಗಕ್ಕೆ ಕೈ ಹಾಕಲು ರಸ್ಟ್ ಬಿಡುವುದಿಲ್ಲ, ಆದರೆ ಸಾಮಾನ್ಯವಾಗಿ ಆ ಕ್ಷಣವೇ ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ಕರ್ನಲ್‌ನೊಳಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಒಳಗರ್ಭದಲ್ಲಿ, ಕೂತ ತಂತ್ರಾಂಶ (ಡ್ರೈವರ್) ಹೀಗೆ ನಿಂತರೆ ಪರದೆ ನೀಲಿಯಾಗುವುದು ತಪ್ಪುತ್ತದೆ ಎಂದು ನಾನು ಪಣ ಕಟ್ಟಲಾರೆ. ಕಡತದ ತುಂಬ ಸೊನ್ನೆಗಳೇ ಇದ್ದವು, ಅದೇ ಕಾರಣ ಎಂಬ ವಾದವೂ ಮೊದಲ ದಿನ ಭಾರಿ ಓಡಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಕಂಪನಿಯೇ ಸ್ಪಷ್ಟಪಡಿಸಿತು.

ನಿಜಕ್ಕೂ ಜಗಳವಾಡಲು ಯೋಗ್ಯವಾದ ವಿಷಯ ಒಂದೇ: ಹೊರಗಿನ ಕಂಪನಿಯ ಕೋಡ್ ಕರ್ನಲ್‌ನಲ್ಲಿ ಯಾಕೆ ಇರಬೇಕು? ಅಲ್ಲಿ ತಪ್ಪಾದರೆ ವಿಂಡೋಸ್ ಬೇಕೆಂದೇ ಯಂತ್ರವನ್ನು ನಿಲ್ಲಿಸುತ್ತದೆ, ಹಾಗೇ ಮುಂದುವರಿದರೆ ನಿಮ್ಮ ದತ್ತಾಂಶ ಹಾಳಾಗಬಹುದು ಎಂದು. ಫಾಲ್ಕನ್‌ನ ಡ್ರೈವರ್ ಯಂತ್ರ ಏಳುವಾಗಲೇ ಏಳುವ ವರ್ಗದ್ದು, ಆದ್ದರಿಂದ ಎದ್ದಾಗಲೆಲ್ಲ ಬೀಳುತ್ತಿತ್ತು. ಆ್ಯಪಲ್ 2019ರಿಂದಲೇ ಹೊರಗಿನವರನ್ನು ಮ್ಯಾಕ್‌ನ ಕರ್ನಲ್‌ನಿಂದ ಆಚೆ ಕಳಿಸಲು ಶುರು ಮಾಡಿ, ಬದಲಿ ದಾರಿಯೊಂದನ್ನು ಕೊಟ್ಟಿತ್ತು. ಮೈಕ್ರೋಸಾಫ್ಟ್ ಯಾಕೆ ಮಾಡಲಿಲ್ಲ? 2009ರಲ್ಲಿ ಯುರೋಪಿಯನ್ ಕಮಿಷನ್ ಜತೆ ಮಾಡಿಕೊಂಡ ಒಪ್ಪಂದ ಅಡ್ಡ ಎಂದು ಅದರ ವಕ್ತಾರರು ಹೇಳಿದರು. ತನ್ನ ಭದ್ರತಾ ತಂತ್ರಾಂಶಕ್ಕೆ ಇರುವಷ್ಟೇ ಪ್ರವೇಶವನ್ನು ಪೈಪೋಟಿಯವರಿಗೂ ಕೊಡಬೇಕು ಎಂಬುದು ಅದರ ಸಾರ. ನನಗೆ ಈ ಸಮಜಾಯಿಷಿ ಪೂರ್ತಿ ಒಪ್ಪಿಗೆಯಿಲ್ಲ. ಸಮಾನ ಪ್ರವೇಶ ಎಂದರೆ ಎಲ್ಲರೂ ಒಳಗಿರುವುದೂ ಆಗಬಹುದು, ತನ್ನವರನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕೂರಿಸುವುದೂ ಆಗಬಹುದು. ಎರಡನೆಯದು ಕಷ್ಟದ ಕೆಲಸ, ಅಷ್ಟೇ.

ನಗೆ ಸುದ್ದಿಯಾಗಿಯೇ ಚಲಾವಣೆಗೆ ಬಂದ ಪ್ರಸಂಗವನ್ನೂ ಹೇಳಬೇಕು. ಅಮೆರಿಕದ ಸೌತ್‌ವೆಸ್ಟ್ ವಿಮಾನ ಸಂಸ್ಥೆಯ ಹಾರಾಟಕ್ಕೆ ಅವತ್ತು ಧಕ್ಕೆಯಾಗಲಿಲ್ಲ. ‘ಅವರಿನ್ನೂ ವಿಂಡೋಸ್ 3.1 ಬಳಸುತ್ತಾರೆ, ಅದಕ್ಕೇ ಬಚಾವ್’ ಎಂದು ಯಾರೋ ತಮಾಷೆ ಮಾಡಿದರು. 1992ರ ವಿಂಡೋಸ್! ಕೆಲವು ಸುದ್ದಿ ತಾಣಗಳು ಇದನ್ನು ನಿಜವೆಂದೇ ಪ್ರಕಟಿಸಿದವು. 2022ರ ಡಿಸೆಂಬರ್‌ನಲ್ಲಿ ಆ ಸಂಸ್ಥೆಯ ಸಿಬ್ಬಂದಿ ನಿಯೋಜನೆಯ ವ್ಯವಸ್ಥೆ ಕುಸಿದು ಸಾವಿರಾರು ವಿಮಾನ ರದ್ದಾಗಿದ್ದವು. ಆಗ ಅಲ್ಲಿನ ಪತ್ರಿಕೆಯೊಂದು ಕೆಲವು ತಂತ್ರಾಂಶಗಳು ವಿಂಡೋಸ್ 95ರ ಕಾಲದವುಗಳಂತೆ ಕಾಣುತ್ತವೆ ಎಂದು ಬರೆದಿತ್ತು. ‘ಕಾಣುತ್ತವೆ’ ಎಂಬುದು ‘ಬಳಸುತ್ತಾರೆ’ ಆಯಿತು, 95 ಹೋಗಿ 3.1 ಆಯಿತು. ಫಾಲ್ಕನ್ ಇಲ್ಲದ ವಿಂಡೋಸ್ ಎಷ್ಟು ಹೊಸದಾಗಿದ್ದರೂ ಅವತ್ತು ಬೀಳುತ್ತಿರಲಿಲ್ಲ ಎಂಬ ಸರಳ ಸಂಗತಿಯನ್ನು ಯಾರೂ ಯೋಚಿಸಲಿಲ್ಲ. ಹಳೆಯದನ್ನು ಹಾಗೇ ಇಟ್ಟುಕೊಂಡರೆ ಕ್ಷೇಮ ಎಂದು ಇದನ್ನೇ ಮುಂದಿಟ್ಟು ವಾದಿಸುವ ಮ್ಯಾನೇಜರ್‌ಗಳನ್ನು ಕಂಡಿದ್ದೇನೆ. ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್) ಹಾಕದ ಯಂತ್ರಕ್ಕೆ ಬರುವ ಗಂಡಾಂತರದ ಮುಂದೆ ನೀಲಿ ಪರದೆ ಏನೂ ಅಲ್ಲ.

ನಮ್ಮ ದೇಶದ ಪಾಲಿಗೆ ಆ ದಿನದ ಚಿತ್ರವೆಂದರೆ ಇಂಡಿಗೋ ಸಿಬ್ಬಂದಿ ಪೆನ್ನಿನಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್. ಅಕ್ಷರ ದುಂಡಗಿದೆ, ಕಾಪಿ ಬರೆದು ಅಭ್ಯಾಸವಿದ್ದವರು ಇರಬೇಕು ಎಂದು ಜನ ನಕ್ಕರು. ಕಾಗದದ ಮೇಲೆ ಕೆಲಸ ಮುಂದುವರಿಸುವ ಸಿದ್ಧತೆ ಇಟ್ಟುಕೊಂಡಿದ್ದವರಿಗೆ ನಾನಂತೂ ಮನಸ್ಸಿನಲ್ಲೇ ಶಹಬ್ಬಾಸ್ ಎಂದೆ.

ಮನೆಗೆ ಬೆಂಕಿ ಬಿದ್ದಾಗ ಗಳ ಹಿರಿಯುವವರೂ ತಡ ಮಾಡಲಿಲ್ಲ. ಪರಿಹಾರದ ಕಡತ ಎಂದು ಹೆಸರಿಟ್ಟು ಯಂತ್ರವನ್ನೇ ವಶಪಡಿಸಿಕೊಳ್ಳುವ ಕುತಂತ್ರಾಂಶ ಹಂಚಿದರು. ಜೋಕ್‌ಗಳ ಭರಾಟೆಯಲ್ಲಿ ಈ ಎಚ್ಚರಿಕೆ ಎಷ್ಟು ಜನಕ್ಕೆ ತಲುಪಿತೋ.

ದುರಸ್ತಿಯ ಕೆಲಸದಲ್ಲಿ ಮಾತ್ರ ನಗುವಂಥದ್ದು ಏನೂ ಇರಲಿಲ್ಲ. ಪ್ರತಿ ಯಂತ್ರವನ್ನೂ ಸೇಫ್ ಮೋಡ್‌ನಲ್ಲಿ (ಅತ್ಯಗತ್ಯ ಭಾಗಗಳು ಮಾತ್ರ ಏಳುವ ಸ್ಥಿತಿ) ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದರೆ ಮೊದಲು 48 ಅಂಕಿಗಳ ಕೀಲಿ ಒತ್ತಬೇಕು. ಮನೆಯಿಂದ ಕೆಲಸ ಮಾಡುವವರಿಗೆ ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಬೇಕು. ‘ಸಾರ್, ಆರಾ ಏಳಾ?’ ಎಂದು ಆ ಕಡೆಯಿಂದ ಕೇಳಿದರೆ ಆ ಸಾಲು ಮತ್ತೆ ಮೊದಲಿಂದ. ಕೆಲವು ಕಡೆ ಕೀಲಿಗಳನ್ನು ಇಟ್ಟಿದ್ದ ಸರ್ವರ್ರೇ ನೀಲಿಯಾಗಿತ್ತು. ಆಸ್ಟ್ರೇಲಿಯದ ಒಂದು ಲೆಕ್ಕಪತ್ರ ಸಂಸ್ಥೆಯ ಐಟಿಯವರು ಕೀಲಿಗಳನ್ನೆಲ್ಲ ಬಾರ್‌ಕೋಡ್ ಮಾಡಿ, ಅಂಗಡಿಯಲ್ಲಿ ಬಳಸುವಂಥ ಸ್ಕ್ಯಾನರ್‌ನಿಂದ ಓದಿಸಿದರು. ಕಂಪ್ಯೂಟರ್ ಕಣ್ಣಿಗೆ ಸ್ಕ್ಯಾನರ್ ಕೂಡ ಒಂದು ಕೀಬೋರ್ಡೇ. ಆ ವಾರ ನಾನು ಕೇಳಿದ ಅತ್ಯುತ್ತಮ ಐಡಿಯಾ ಅದು.

ಮುಂದಿನ ವರ್ಷ ಜೂನ್‌ನಲ್ಲಿ ಮೈಕ್ರೋಸಾಫ್ಟ್ ನೀಲಿ ಪರದೆಯನ್ನು ಕಪ್ಪು ಮಾಡುವುದಾಗಿ ಪ್ರಕಟಿಸಿತು. ಬಣ್ಣ ಬಳಿದು ಸರಿ ಮಾಡಿದರು ಎಂದು ಊರೆಲ್ಲ ನಕ್ಕಿತು. ಅದೇ ಪ್ರಕಟಣೆಯಲ್ಲಿ ಇನ್ನೆರಡು ಸುದ್ದಿಗಳಿದ್ದವು. ಭದ್ರತಾ ತಂತ್ರಾಂಶಗಳು ಕರ್ನಲ್‌ನ ಹೊರಗೆ ಕೂತು ಕೆಲಸ ಮಾಡಲು ಬೇಕಾದ ವೇದಿಕೆಯನ್ನು ಆ ಕಂಪನಿಗಳಿಗೆ ಪರೀಕ್ಷೆಗೆ ಕೊಡುತ್ತೇವೆ ಎಂಬುದು ಒಂದು. ಏಳಲಾಗದೆ ಬಿದ್ದ ಯಂತ್ರ ತಾನೇ ನೆಟ್‌ವರ್ಕ್‌ಗೆ ಸೇರಿ, ದೂರದಿಂದ ಬಂದ ಪರಿಹಾರವನ್ನು ಹಾಕಿಕೊಳ್ಳುವ ಸೌಲಭ್ಯ ಇನ್ನೊಂದು. 48 ಅಂಕಿ ಓದಿ ಹೇಳಿದವರಿಗೆ ಬೇಕಿದ್ದದ್ದು ಅದು. ಅದರ ಮೇಲೆ ಒಂದೇ ಒಂದು ಜೋಕ್ ನನಗೆ ಇನ್ನೂ ಬಂದಿಲ್ಲ.