ಕರಡಿ ನೋಡಲು ಬಂದವರನ್ನು ಏನು ಕೇಳಬೇಕು? ಪ್ರವಾಸಿ ಸಮೀಕ್ಷೆಯ ಅಧ್ಯಯನ ಟಿಪ್ಪಣಿ

"ಕರಡಿ ನೋಡಿ ಖುಷಿಯಾಯಿತಾ?" ಸಮೀಕ್ಷೆಯಲ್ಲಿ ಈ ಪ್ರಶ್ನೆ ಹಾಕಿದರೆ ಏನು ಉತ್ತರ ಬರುತ್ತದೆ ಎಂದು ಕಾಡಿಗೆ ಹೋಗದೆಯೇ ಹೇಳಬಹುದು. ಬಹುತೇಕ ಎಲ್ಲರೂ ಹೌದು ಅನ್ನುತ್ತಾರೆ. ದುಡ್ಡು ಕೊಟ್ಟು, ರಜೆ ಹಾಕಿ, ಬೆಂಗಳೂರಿನಿಂದ ಕುಟ್ಟದವರೆಗೆ ಕಾರು ಓಡಿಸಿಕೊಂಡು ಬಂದವರು "ಚೆನ್ನಾಗಿರಲಿಲ್ಲ" ಎಂದು ಒಪ್ಪಿಕೊಳ್ಳುವುದು ಕಷ್ಟ. ಆದರೆ ಆ ಹೌದು ಇಟ್ಟುಕೊಂಡು ಅರಣ್ಯಾಧಿಕಾರಿ ಏನು ಮಾಡಬೇಕು? ಜೀಪು ಹೆಚ್ಚಿಸಬೇಕಾ, ಕಡಿಮೆ ಮಾಡಬೇಕಾ? ಎಷ್ಟು ದೂರದಲ್ಲಿ ನಿಲ್ಲಿಸಬೇಕು? ಟಿಕೆಟ್ ದರ ಎಷ್ಟಿರಬೇಕು? ಖುಷಿಯ ಲೆಕ್ಕ ಇದ್ಯಾವುದಕ್ಕೂ ಉತ್ತರ ಕೊಡುವುದಿಲ್ಲ.

ಕೊಡಗಿನಲ್ಲಿ ಅರಣ್ಯಶಾಸ್ತ್ರ, ವನ್ಯಜೀವಿ ವಿಷಯ ಓದುತ್ತಿರುವವರಿಗೆ ಮತ್ತು ಇಂಥ ಸಮೀಕ್ಷೆಯನ್ನು ಪ್ರಾಜೆಕ್ಟ್ ಆಗಿ ತೆಗೆದುಕೊಳ್ಳುವವರಿಗೆ ಈ ಟಿಪ್ಪಣಿ. ಕರಡಿ ವೀಕ್ಷಣೆಯಲ್ಲಿ ಹೆಸರು ಮಾಡಿರುವುದು ಅಮೆರಿಕದ ಅಲಾಸ್ಕಾ ರಾಜ್ಯ. ಅದರ ಪಕ್ಕದಲ್ಲಿ ನಾಗರಹೊಳೆಯನ್ನು ಇಟ್ಟು ನೋಡಿದರೆ ವಿಷಯ ಬೇಗ ತಲೆಗೆ ಹತ್ತುತ್ತದೆ.

ಎರಡು ಕಾಡು, ಎರಡು ಕರಡಿ

ಅಲಾಸ್ಕಾದ ಕೋಡಿಯಾಕ್ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮ ಶುರುವಾದದ್ದು 1941ರಲ್ಲಿ. ಅಲ್ಲಿನ ಕಂದು ಕರಡಿಗಳನ್ನು ಉಳಿಸುವುದೇ ಅದರ ಉದ್ದೇಶ. ಸುಮಾರು 19 ಲಕ್ಷ ಎಕರೆ, ಅಂದರೆ ಹತ್ತಿರಹತ್ತಿರ ಎರಡು ಕೊಡಗಿನಷ್ಟು ಜಾಗ. ಇಡೀ ದ್ವೀಪಸಮೂಹದಲ್ಲಿ ಸುಮಾರು 3,500 ಕರಡಿಗಳಿವೆ ಎಂಬ ಅಂದಾಜಿದೆ. ಬೇಸಿಗೆಯಲ್ಲಿ ಸಾಲ್ಮನ್ ಮೀನು ಹೊಳೆ ಹತ್ತುವಾಗ ಕರಡಿಗಳು ಅಲ್ಲೇ ಬಂದು ಸೇರುತ್ತವೆ. ಹಾಗಾಗಿ ಎಲ್ಲಿ, ಯಾವಾಗ ಕರಡಿ ಕಾಣುತ್ತದೆ ಎಂದು ಮೊದಲೇ ಹೇಳಲು ಸಾಧ್ಯ. ಇದೊಂದೇ ಕಾರಣಕ್ಕೆ ಅಲ್ಲಿ ಕರಡಿ ನೋಡುವುದೇ ಒಂದು ಪ್ರವಾಸವಾಗಿದೆ.

ನಮ್ಮ ಕರಡಿಯ ಕಥೆ ಬೇರೆ. ಗೆದ್ದಲು, ಇರುವೆ, ಜೇನು, ಕಕ್ಕೆಕಾಯಿ, ನೇರಳೆ ಹಣ್ಣು ಹುಡುಕಿಕೊಂಡು ಒಂಟಿಯಾಗಿ ಓಡಾಡುವ ಪ್ರಾಣಿ ಅದು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಅದಕ್ಕಿಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಹೀರುತ್ತದೆ. ಹೆಚ್ಚಾಗಿ ರಾತ್ರಿ, ಮುಂಜಾನೆ, ಸಂಜೆ ಹೊರಗೆ ಬರುತ್ತದೆ. ನಾಗರಹೊಳೆಯ ನಾಣಚ್ಚಿ ಗೇಟಿನಿಂದ ಸಫಾರಿಗೆ ಹೋದವರಿಗೆ ಕರಡಿ ಕಂಡರೆ ಅದು ಅದೃಷ್ಟ. ಅವರು ಹೊರಟದ್ದು ಹುಲಿಗಾಗಿ, ಅಲ್ವಾ? ನಮ್ಮ ರಾಜ್ಯದಲ್ಲಿ ಕರಡಿಯನ್ನೇ ನೋಡಲು ಹೋಗುವ ಜಾಗ ಅಂದರೆ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ. ಅಲ್ಲಿ ಬಂಡೆಗಳ ಮೇಲೆ ಬೆಲ್ಲ, ಜೇನಿನಂಥ ಸಿಹಿ ಸವರಿಟ್ಟು, ಎದುರಿನ ಗುಡ್ಡದ ವೀಕ್ಷಣಾ ಗೋಪುರದಿಂದ ನೋಡುವ ವ್ಯವಸ್ಥೆ ಬೆಳೆದುಬಂತು.

ಈ ವ್ಯತ್ಯಾಸ ಪ್ರಶ್ನಾವಳಿಯನ್ನೇ ಬದಲಿಸುತ್ತದೆ. ಕೋಡಿಯಾಕ್‌ನಲ್ಲಿ "ಎಷ್ಟು ಕರಡಿ ನೋಡಿದಿರಿ?" ಎಂದು ಕೇಳಿದರೆ ಅರ್ಥವಿದೆ. ನಾಗರಹೊಳೆಯಲ್ಲಿ ಅದೇ ಪ್ರಶ್ನೆ ಹಾಕಿದರೆ ಸೊನ್ನೆಗಳ ದೊಡ್ಡ ರಾಶಿ ಸಿಗುತ್ತದೆ, ಅಷ್ಟೇ. ಇಲ್ಲಿ ಮೊದಲು ಕೇಳಬೇಕಾದ್ದು "ಏನು ನೋಡಬೇಕೆಂದು ಬಂದಿರಿ?" ಅದರ ನಂತರ "ಹುಲಿ ಕಾಣದೆ ಕರಡಿ ಮಾತ್ರ ಕಂಡಿದ್ದರೆ ಬಂದದ್ದು ಸಾರ್ಥಕವೇ?" ನನಗೆ ಆಸಕ್ತಿ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. ಪ್ರವಾಸಿಗಳ ಆಸೆಯನ್ನು ಹುಲಿಯೊಂದರಿಂದ ಬಿಡಿಸಿ ಬೇರೆ ಪ್ರಾಣಿಗಳ ಕಡೆ ಹರಿಸಲು ಸಾಧ್ಯವೇ ಎಂಬುದು ಅಲ್ಲಿ ತಿಳಿಯುತ್ತದೆ. ಹುಲಿ ಕಂಡ ಕಡೆ ಎಲ್ಲ ಜೀಪುಗಳೂ ನುಗ್ಗುವ ಸಮಸ್ಯೆಗೂ ಇದಕ್ಕೂ ನೇರ ಸಂಬಂಧವಿದೆ.

ಆಶ್ರಯಧಾಮ ಯಾಕೆ ಜನರನ್ನು ಕೇಳಬೇಕು?

ಅಮೆರಿಕದಲ್ಲಿ ಆಶ್ರಯಧಾಮಗಳ ವ್ಯವಸ್ಥೆ 1903ರಲ್ಲಿ ಪೆಲಿಕನ್ ದ್ವೀಪದಿಂದ ಆರಂಭವಾಯಿತು. 1997ರ ಕಾನೂನು ಆರು ಬಳಕೆಗಳಿಗೆ ಆದ್ಯತೆ ಕೊಟ್ಟಿತು: ಬೇಟೆ, ಮೀನು ಹಿಡಿಯುವುದು, ವನ್ಯಜೀವಿ ವೀಕ್ಷಣೆ, ಛಾಯಾಗ್ರಹಣ, ಪರಿಸರ ಶಿಕ್ಷಣ, ಮತ್ತು ಕಾಡನ್ನು ವಿವರಿಸಿ ಹೇಳುವ ಕಾರ್ಯಕ್ರಮಗಳು. ಆದರೆ ಪ್ರಾಣಿಗಳ ಹಿತಕ್ಕೆ ಹೊಂದಿಕೆಯಾದರೆ ಮಾತ್ರ. ಹೌದು, ಬೇಟೆಯೂ ಇದೆ. ಕೋಡಿಯಾಕ್‌ನಲ್ಲಿ ಪರವಾನಗಿ ಪಡೆದು ಕರಡಿ ಬೇಟೆಯಾಡಬಹುದು. ನಮ್ಮಲ್ಲಿ ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಬೇಟೆಯ ಮಾತೇ ಇಲ್ಲ. ಹಾಗಾಗಿ ಅಲ್ಲಿನ ಸಮೀಕ್ಷೆ ವೀಕ್ಷಕ, ಬೇಟೆಗಾರ, ಮೀನುಗಾರ ಮೂವರ ನಡುವಿನ ಎಳೆದಾಟವನ್ನೂ ಅಳೆಯಬೇಕು. ನಮಗೆ ಆ ತಲೆನೋವಿಲ್ಲ. ಬೇರೆ ಇವೆ.

ನಮ್ಮ ಹುಲಿ ಮೀಸಲು ಪ್ರದೇಶಗಳಿಗೆ 2012ರ ಪ್ರವಾಸೋದ್ಯಮ ಮಾರ್ಗಸೂಚಿ ಇದೆ. ರಸ್ತೆಯ ಉದ್ದ, ಎರಡು ವಾಹನಗಳ ನಡುವಿನ ಅಂತರ, ಸಫಾರಿಯ ಅವಧಿ ಇವನ್ನೆಲ್ಲ ಹಿಡಿದು ದಿನಕ್ಕೆ ಎಷ್ಟು ವಾಹನ ಬಿಡಬಹುದು ಎಂದು ಲೆಕ್ಕ ಹಾಕುವ ಕ್ರಮ ಅದರಲ್ಲಿದೆ. ಇದು ಜಾಗದ ಧಾರಣಶಕ್ತಿ. ಪರೀಕ್ಷೆಗೆ ಓದುವವರು ಇನ್ನೊಂದನ್ನು ಜೊತೆಗಿಟ್ಟುಕೊಳ್ಳಿ: ಸಾಮಾಜಿಕ ಧಾರಣಶಕ್ತಿ. ಎಷ್ಟು ಜನ ಸೇರಿದ ಮೇಲೆ ಬಂದವರಿಗೇ "ಇದು ಕಾಡಾ, ಸಂತೆಯಾ?" ಅನಿಸಲು ಶುರುವಾಗುತ್ತದೆ ಎಂಬ ಮಿತಿ ಅದು. ಮೊದಲನೆಯದು ನಕ್ಷೆ ನೋಡಿದರೆ ಸಿಗುತ್ತದೆ. ಎರಡನೆಯದು ಜನರನ್ನು ಕೇಳದೆ ಸಿಗುವುದಿಲ್ಲ. ಸಮೀಕ್ಷೆಯ ನಿಜವಾದ ಕೆಲಸ ಇಲ್ಲಿದೆ.

ನೂಕುನುಗ್ಗಲನ್ನು ಅಳೆಯುವುದು

ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಹೆಬರ್ಲೈನ್ ಮತ್ತು ವಾಸ್ಕಿ ಎಂಬ ಸಂಶೋಧಕರು 1977ರಲ್ಲಿ ಕೊಟ್ಟ 9 ಅಂಕಗಳ ಮಾಪಕ. 1 ಮತ್ತು 2 ಅಂದರೆ ಜನಜಂಗುಳಿ ಅನಿಸಲೇ ಇಲ್ಲ. 3, 4 ಅಂದರೆ ಸ್ವಲ್ಪ. 5ರಿಂದ 7 ಮಧ್ಯಮ. 8, 9 ವಿಪರೀತ. 3 ಮತ್ತು ಅದಕ್ಕಿಂತ ಮೇಲೆ ಗುರುತು ಹಾಕಿದವರು ಶೇಕಡಾ ಎಷ್ಟು ಎಂದು ನೋಡುತ್ತಾರೆ. ಆ ಪ್ರಮಾಣ ಶೇ. 65 ದಾಟಿದರೆ ಆ ಜಾಗ ತನ್ನ ಸಾಮರ್ಥ್ಯ ಮೀರಿದೆ ಎಂದು ಓದುವುದು ವಾಡಿಕೆ. ಸರಳ ಮಾಪಕ, ಎಲ್ಲ ಕಡೆ ಬಳಸಿರುವುದರಿಂದ ಹೋಲಿಸಲೂ ಸುಲಭ.

ಆದರೆ ಇದು ಈಗಿನ ಸ್ಥಿತಿಯನ್ನು ಮಾತ್ರ ಹೇಳುತ್ತದೆ. ಮಿತಿ ಎಲ್ಲಿ ಹಾಕಬೇಕು ಎಂದು ಹೇಳುವುದಿಲ್ಲ. ಅದಕ್ಕೆ ಚಿತ್ರಗಳ ವಿಧಾನ ಒಳ್ಳೆಯದು. ಒಂದೇ ಜಾಗದ ಫೋಟೋ, ಒಂದೇ ಕರಡಿ, ಪಕ್ಕದಲ್ಲಿ ಒಂದು ಜೀಪು. ಮುಂದಿನ ಚಿತ್ರದಲ್ಲಿ ಎರಡು, ಆಮೇಲೆ ನಾಲ್ಕು, ಆರು, ಎಂಟು. ಪ್ರತಿ ಚಿತ್ರಕ್ಕೂ ‘ಒಪ್ಪಲು ಸಾಧ್ಯವೇ ಇಲ್ಲ’ ಎಂಬುದಕ್ಕೆ -4, ‘ಪೂರ್ತಿ ಒಪ್ಪಿಗೆ’ ಎಂಬುದಕ್ಕೆ +4. ಸರಾಸರಿಗಳನ್ನು ಗ್ರಾಫಿನಲ್ಲಿ ಹಾಕಿ ಗೆರೆ ಎಳೆದರೆ ಅದು ಎಲ್ಲೋ ಒಂದು ಕಡೆ ಸೊನ್ನೆಯನ್ನು ದಾಟಿ ಕೆಳಗಿಳಿಯುತ್ತದೆ. ಜನ ಸಹಿಸುವ ಗರಿಷ್ಠ ಜೀಪುಗಳ ಸಂಖ್ಯೆ ಅದು. ಸರಾಸರಿಯ ಜೊತೆಗೆ ಉತ್ತರಗಳು ಎಷ್ಟು ಚದುರಿವೆ ಎಂದೂ ನೋಡಬೇಕು. ಎಲ್ಲರ ಮಿತಿಯೂ ಮೂರು ಜೀಪಿನ ಸುತ್ತ ನಿಂತಿದ್ದರೆ ಅದು ಒಮ್ಮತ. ಅರ್ಧ ಜನ ಒಂದು ಜೀಪು, ಅರ್ಧ ಜನ ಐದು ಎಂದಿದ್ದರೂ ಸರಾಸರಿ ಮೂರೇ ಬರುತ್ತದೆ, ಆದರೆ ಅಲ್ಲಿ ಇರುವುದು ಎರಡು ಬೇರೆ ಬೇರೆ ಗುಂಪುಗಳು. ಒಂದೇ ನಿಯಮದಿಂದ ಇಬ್ಬರನ್ನೂ ಸಮಾಧಾನ ಮಾಡಲಾಗದು.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಆಯ್ಕೆಯ ಪ್ರಶ್ನೆಗಳು ಸಿಗುತ್ತವೆ. ಇಲ್ಲಿರುವ ಅಂಕಿಗಳು ಸುಮ್ನೆ ಉದಾಹರಣೆಗೆ. ಮೊದಲ ಪ್ರವಾಸ: ಜೊತೆಗೆ 10 ಜನ, ಕರಡಿ 50 ಮೀಟರ್ ದೂರದಲ್ಲಿ, ಟಿಕೆಟ್ 2,000 ರೂಪಾಯಿ, ಆದರೆ ಬುಕಿಂಗ್ ಲಾಟರಿಯಲ್ಲಿ. ಎರಡನೆಯದು: ಜೊತೆಗೆ 40 ಜನ, ಕರಡಿ 100 ಮೀಟರ್ ದೂರ, 600 ರೂಪಾಯಿ, ಯಾವಾಗ ಬೇಕಾದರೂ ಬನ್ನಿ. ಯಾವುದು ಆರಿಸುತ್ತೀರಿ? ಇಲ್ಲಿ ಎಲ್ಲವೂ ಬೇಕು ಅನ್ನಲು ಬರುವುದಿಲ್ಲ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು. ಇಂಥ ಜೋಡಿಗಳನ್ನು ಬದಲಿಸಿ ಬದಲಿಸಿ ಕೇಳಿದರೆ ಜನ ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಎಂದು ಗೊತ್ತಾಗುತ್ತದೆ. ಲಾಟರಿ ಅನ್ನುವುದು ಬರೀ ಕಲ್ಪನೆಯಲ್ಲ. ಅಲಾಸ್ಕಾದ ಮ್ಯಾಕ್‌ನೀಲ್ ನದಿಯ ಅಭಯಾರಣ್ಯದಲ್ಲಿ ಕರಡಿ ನೋಡಲು ದಿನಕ್ಕೆ 10 ಜನ ಪರವಾನಗಿದಾರರನ್ನಷ್ಟೇ ಬಿಡುತ್ತಾರೆ, ಹೆಸರು ಬರುವುದು ಲಾಟರಿಯಲ್ಲಿ. ನಮ್ಮ ಜನ ಅದನ್ನು ಒಪ್ಪುತ್ತಾರಾ? ಶಿಫಾರಸು ಪತ್ರ ಹಿಡಿದು ಬರುವವರ ಸಾಲು ನೆನೆಸಿಕೊಂಡರೆ ನನಗೆ ಅನುಮಾನ. ಅದಕ್ಕೇ ಕೇಳಿ ನೋಡಬೇಕು.

ಯಾರನ್ನು ಕೇಳುತ್ತೀರಿ?

ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವುವುದು ಇಲ್ಲಿ. ಅನ್ನ ಬೆಂದಿದೆಯೇ ನೋಡಲು ಒಂದಗುಳು ಹಿಚುಕಿದರೆ ಸಾಕು, ಯಾಕೆಂದರೆ ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಒಂದೇ ನೀರಿನಲ್ಲಿ ಬೆಂದಿವೆ. ಪ್ರವಾಸಿಗಳು ಹಾಗಲ್ಲ. ಶನಿವಾರದ ಬೆಂಗಳೂರಿನ ಗುಂಪು ಬೇರೆ, ಬುಧವಾರ ಬರುವ ಫೋಟೋಗ್ರಾಫರ್ ಬೇರೆ, ವಯನಾಡಿನ ಕಡೆಯಿಂದ ತೋಲ್ಪೆಟ್ಟಿ ದಾಟಿ ಬರುವ ಕುಟುಂಬ ಬೇರೆ. ಬೆಳಗಿನ ಸಫಾರಿಯವರೂ ಸಂಜೆಯವರೂ ಒಂದೇ ಅಲ್ಲ. ಹಾಗಾಗಿ ಮೊದಲು ಪದರ ಮಾಡಿಕೊಳ್ಳಿ: ವಾರದ ದಿನ ಮತ್ತು ವಾರಾಂತ್ಯ, ಬೆಳಗ್ಗೆ ಮತ್ತು ಸಂಜೆ, ಮಳೆಗಾಲ ಮತ್ತು ಬೇಸಿಗೆ. ಪ್ರತಿ ಪದರದೊಳಗೆ ಇಂತಿಷ್ಟನೇ ವಾಹನ ಎಂದು ನಿಗದಿ ಮಾಡಿ. ಮೊದಲನೆಯ ವಾಹನ ಯಾವುದು ಎಂದು ಚೀಟಿ ಎತ್ತಿ. ನಗುಮುಖದವರನ್ನು ಹುಡುಕಿಕೊಂಡು ಹೋಗಬೇಡಿ.

ವಾಹನ ಸಿಕ್ಕಿತು. ಅದರೊಳಗೆ ಯಾರು? ನಮ್ಮಲ್ಲಿ ಫಾರಂ ಕೊಟ್ಟರೆ ಸೀದಾ ಮನೆಯ ಹಿರಿಯ ಗಂಡಸಿನ ಕೈಗೆ ಹೋಗುತ್ತದೆ. ಇಲ್ಲವೇ ಇಂಗ್ಲಿಷ್ ಬರುವ ಮಗನ ಕೈಗೆ. ಅಜ್ಜಿಗೆ, ಅತ್ತಿಗೆಗೆ ಏನನಿಸಿತು ಎಂದು ಯಾರೂ ಕೇಳುವುದಿಲ್ಲ. ಇದಕ್ಕೊಂದು ಸರಳ ಉಪಾಯವಿದೆ: "ನಿಮ್ಮಲ್ಲಿ 18 ವರ್ಷ ದಾಟಿದವರ ಪೈಕಿ ಯಾರ ಹುಟ್ಟುಹಬ್ಬ ಮುಂದೆ ಮೊದಲು ಬರುತ್ತದೋ ಅವರು ಉತ್ತರ ಕೊಡಿ." ಗುಂಪಿನಲ್ಲಿ ಸ್ವಲ್ಪ ನಗು ಏಳುತ್ತದೆ, ಕೆಲಸವೂ ಆಗುತ್ತದೆ.

ಫಾರಂ ತುಂಬಿಸುವ ಜಾಗವೂ ಮುಖ್ಯ. ಸಫಾರಿ ಚಾಲಕರು, ಗೈಡು ಪಕ್ಕದಲ್ಲೇ ನಿಂತಿದ್ದರೆ "ಎಲ್ಲ ಸೂಪರ್" ಎಂಬುದರಾಚೆ ಏನೂ ಬರುವುದಿಲ್ಲ. ಕ್ಯಾಂಟೀನ್ ಕಡೆಗೋ ಪಾರ್ಕಿಂಗ್ ಕಡೆಗೋ ಕರೆದುಕೊಂಡು ಹೋಗಿ. ಒಪ್ಪದೆ ಹೋದವರನ್ನೂ ಬರೆದಿಡಿ: ಎಷ್ಟು ಜನರ ಗುಂಪು, ಯಾವ ರಾಜ್ಯದ ಗಾಡಿ, ಯಾವ ಹೊತ್ತು. ಹೆಸರು, ಗಾಡಿ ನಂಬರ್ ಬೇಡ. ಒಪ್ಪದವರು ಒಂದೇ ಬಗೆಯವರಾಗಿದ್ದರೆ ನಿಮ್ಮ ಫಲಿತಾಂಶ ಒಂದು ಕಡೆ ವಾಲಿದೆ ಎಂದೇ ಅರ್ಥ.

ಕೋಡಿಯಾಕ್‌ನಲ್ಲಿ ಈ ಕೆಲಸ ಇನ್ನೂ ಕಷ್ಟ. ಆಶ್ರಯಧಾಮಕ್ಕೆ ರಸ್ತೆಯೇ ಇಲ್ಲ. ನೀರಿನ ಮೇಲಿಳಿಯುವ ಸಣ್ಣ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಗೇಟು ಇಲ್ಲದ ಕಡೆ ಗೇಟಿನಲ್ಲಿ ನಿಲ್ಲುವುದು ಹೇಗೆ? ಅಂಥಲ್ಲಿ ವಿಮಾನ, ದೋಣಿ ನಡೆಸುವವರ ಮೂಲಕವೇ ಜನರನ್ನು ಹಿಡಿಯಬೇಕು. ನಮಗೆ ಗೇಟು ಇರುವುದು ದೊಡ್ಡ ಅನುಕೂಲ.

ಇಷ್ಟೆಲ್ಲ ಮಾಡಿದರೂ ಒಂದು ಗುಂಪು ತಪ್ಪಿಹೋಗುತ್ತದೆ: ಬರುವುದನ್ನೇ ಬಿಟ್ಟವರು. ಮಡಿಕೇರಿಯವರನ್ನು ವಾರಾಂತ್ಯಕ್ಕೆ ರಾಜಾಸೀಟಿಗೆ, ಅಬ್ಬಿ ಜಲಪಾತಕ್ಕೆ ಹೋಗೋಣ ಎಂದು ಕರೆದು ನೋಡಿ. "ಶನಿವಾರ, ಭಾನುವಾರ ಆ ಕಡೆ ತಲೆ ಹಾಕುವುದಿಲ್ಲಪ್ಪ" ಅನ್ನುತ್ತಾರೆ. ಗದ್ದಲ ಸಹಿಸದವರು ಮೊದಲೇ ಜಾಗ ಖಾಲಿ ಮಾಡಿರುತ್ತಾರೆ. ಉಳಿದವರು ಗದ್ದಲಕ್ಕೆ ಒಗ್ಗಿದವರು. ಅವರನ್ನು ಮಾತ್ರ ಕೇಳಿದರೆ ಜಾಗ ಹಾಳಾದಷ್ಟೂ ತೃಪ್ತಿ ಹಾಗೇ ಇದೆ ಎಂಬ ವಿಚಿತ್ರ ಫಲಿತಾಂಶ ಬರುತ್ತದೆ. ಗೇಟಿನಲ್ಲಿ ಮಾಡಿದ ಸಮೀಕ್ಷೆಯ ಜೊತೆಗೆ ಕುಟ್ಟ, ಶ್ರೀಮಂಗಲ, ಪೊನ್ನಂಪೇಟೆಯ ಸ್ಥಳೀಯರಿಗೆ ಒಂದು ಸಣ್ಣ ಪ್ರಶ್ನಾವಳಿ ಕೊಡುವುದು ಇದಕ್ಕೇ. ಹಾಡಿಗಳಲ್ಲಿ ಇರುವ ಜೇನುಕುರುಬರು, ಎರವರು ಪ್ರವಾಸಿಗಳಲ್ಲ. ಕರಡಿಯ ಜೊತೆಗೆ ಬದುಕಿದವರು. ಅವರ ಪ್ರಶ್ನೆಗಳೇ ಬೇರೆ, ಅದನ್ನು ಇದರೊಳಗೆ ತುರುಕಬಾರದು.

ಎಷ್ಟು ಜನ?

ಶೇ. 95ರ ವಿಶ್ವಾಸಮಟ್ಟ, ಶೇ. 5ರಷ್ಟು ಹೆಚ್ಚುಕಡಿಮೆ ಒಪ್ಪುವುದಾದರೆ ಸೂತ್ರ ಹೀಗೆ: 1.96 × 1.96 × 0.5 × 0.5 ÷ (0.05 × 0.05) = 384.16. ಅಂದರೆ 385 ಜನ. ಇಲ್ಲಿ 1.96 ಶೇ. 95ರ ವಿಶ್ವಾಸಮಟ್ಟಕ್ಕೆ ಬರುವ ಅಂಕಿ, 0.5 ಅಂದರೆ ಅರ್ಧ ಜನ ಹೌದು ಅನ್ನುತ್ತಾರೆ ಎಂಬ ಊಹೆ, 0.05 ಒಪ್ಪುವ ಹೆಚ್ಚುಕಡಿಮೆ. ಒಟ್ಟು ಪ್ರವಾಸಿಗಳೇ ಕಡಿಮೆ ಇದ್ದರೆ ಇದನ್ನು ಇಳಿಸಬಹುದು. ಋತುವಿಗೆ 1,000 ಜನ ಮಾತ್ರ ಬರುವ ಜಾಗವಾದರೆ 384.16 ÷ (1 + 383.16 ÷ 1,000) = 277.7, ಅಂದರೆ 278 ಸಾಕು. ನೆನಪಿಡಿ, ಇದು ಉತ್ತರ ಕೊಟ್ಟವರ ಲೆಕ್ಕ, ಫಾರಂ ಹಂಚಿದ ಲೆಕ್ಕವಲ್ಲ. ವಾರಾಂತ್ಯದವರನ್ನೂ ವಾರದ ದಿನದವರನ್ನೂ ಇಷ್ಟೇ ನಿಖರವಾಗಿ ಹೋಲಿಸಬೇಕಾದರೆ ಪ್ರತಿ ಗುಂಪಿಗೂ ಅಷ್ಟೇ ಜನ ಬೇಕು.

ಅನುಮತಿ

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ 10 ಅಥವಾ ಹೆಚ್ಚು ಜನರಿಗೆ ಒಂದೇ ಬಗೆಯ ಪ್ರಶ್ನೆ ಕೇಳಬೇಕಾದರೂ 1980ರ ಪೇಪರ್‌ವರ್ಕ್ ರಿಡಕ್ಷನ್ ಕಾಯ್ದೆಯಂತೆ ಬಜೆಟ್ ಕಚೇರಿಯ ಒಪ್ಪಿಗೆ ಬೇಕು. ಮೊದಲು ಸಾರ್ವಜನಿಕ ಪ್ರಕಟಣೆ ಹೊರಡಿಸಿ 60 ದಿನ, ಆಮೇಲೆ ಮತ್ತೆ 30 ದಿನ ಅಭಿಪ್ರಾಯ ಕೇಳಬೇಕು. ಜನರ ಸಮಯ ಒಟ್ಟು ಎಷ್ಟು ಗಂಟೆ ಹೋಗುತ್ತದೆ ಎಂದೂ ತಿಳಿಸಬೇಕು. 400 ಜನ, ತಲಾ 15 ನಿಮಿಷ ಅಂದರೆ 100 ಗಂಟೆ. ನನಗೆ ಈ ಲೆಕ್ಕ ತುಂಬಾ ಇಷ್ಟ. ನಮ್ಮ 12 ಪುಟದ ಪ್ರಶ್ನಾವಳಿಗಳಿಗೂ ಇದನ್ನು ಹಾಕಿದರೆ ಅರ್ಧ ಪ್ರಶ್ನೆಗಳು ತಾವಾಗಿಯೇ ಉದುರುತ್ತವೆ.

ಇಲ್ಲಿ ಅಧ್ಯಯನಕ್ಕೆ ಕಾಡಿನೊಳಗೆ ಹೋಗಲು ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಗೇಟಿನ ಹೊರಗೆ ನಿಂತು ಕೇಳುವುದಾದರೂ ವಲಯ ಅರಣ್ಯಾಧಿಕಾರಿಗೆ ಪತ್ರ ಕೊಟ್ಟಿರಿ. ಅರ್ಜಿಯನ್ನು ಬೇಗ ಹಾಕಿ. ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಪ್ರಶ್ನಾವಳಿಯನ್ನು ದುಬಾರೆಯಂಥ ಕಡೆ ಕೆಲವರ ಮೇಲೆ ಪ್ರಯೋಗಿಸಿ ನೋಡಬಹುದು. ಆನೆ ನೋಡಲು ಬಂದವರಿಗೂ ಮಾಪಕದ ಪ್ರಶ್ನೆ ಅರ್ಥವಾಗದಿದ್ದರೆ ಕರಡಿ ನೋಡಲು ಬಂದವರಿಗೂ ಆಗುವುದಿಲ್ಲ.

ಅಭ್ಯಾಸಕ್ಕೆ: ನಿಮ್ಮ ಜಾಗಕ್ಕೆ ಋತುವಿಗೆ 2,500 ಪ್ರವಾಸಿಗಳು ಬರುತ್ತಾರೆ, ಕೇಳಿದವರಲ್ಲಿ ಶೇ. 70 ಜನ ಮಾತ್ರ ಒಪ್ಪುತ್ತಾರೆ ಎಂದುಕೊಳ್ಳಿ. ಎಷ್ಟು ಜನರನ್ನು ಕೇಳಬೇಕು? ಹಾಗೆಯೇ ಮೇಲಿನ ಚಿತ್ರಗಳ ಪ್ರಶ್ನೆಯನ್ನು ಜೀಪಿನ ಬದಲು ಕರಡಿಗೂ ಜನರಿಗೂ ನಡುವಿನ ದೂರಕ್ಕೆ ಹೊಂದಿಸಿ ಬರೆಯಿರಿ. ಗೆರೆ ಸೊನ್ನೆಯನ್ನು ಒಂದಲ್ಲ, ಎರಡು ಕಡೆ ದಾಟುವ ಸಾಧ್ಯತೆ ಇದೆ. ಯಾಕೆ ಎಂದೂ ಯೋಚಿಸಿ.