ವೀಲ್‌ಚೇರ್ ಮೇಷ್ಟ್ರು ಇಬ್ಬರು: ಡೂಮ್ ಪ್ಯಾಟ್ರೋಲ್ ಎಕ್ಸ್‌-ಮೆನ್ ಕಾಪಿಯಾ?

ಪ್ರಶ್ನೆ: ಡೂಮ್ ಪ್ಯಾಟ್ರೋಲ್ ಸೀರೀಸ್ ಎರಡು ಕಂತು ನೋಡಿ ನಿಲ್ಲಿಸಿದೆ. ದೊಡ್ಡ ಬಂಗಲೆ, ಅದರಲ್ಲಿ ವೀಲ್‌ಚೇರ್ ಮೇಲೆ ಕೂತ ಬುದ್ಧಿವಂತ ಯಜಮಾನ, ಅವನು ಕೂಡಿಹಾಕಿಕೊಂಡ ವಿಚಿತ್ರ ಶಕ್ತಿಯ ಜನ. ಇದು ಎಕ್ಸ್‌-ಮೆನ್ ತಾನೇ? ಹೆಸರು ಬದಲಿಸಿ ಮತ್ತೆ ಮಾರುತ್ತಿದ್ದಾರಾ?

ಉತ್ತರ: ಕಾಪಿ ಅಲ್ಲ. ಎರಡೂ ಮೊದಲು ಹುಟ್ಟಿದ್ದು ಅಮೆರಿಕದ ಕಾಮಿಕ್ ಪುಸ್ತಕಗಳಲ್ಲಿ, ತಾರೀಖು ನೋಡಿದರೆ ಡೂಮ್ ಪ್ಯಾಟ್ರೋಲೇ ಮೂರು ತಿಂಗಳು ದೊಡ್ಡದು. ಆದರೆ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಈ ಸೀರೀಸ್ ಬಗ್ಗೆ ಯಾರ ಹತ್ತಿರ ಮಾತೆತ್ತಿದರೂ ಬರುವ ಮೊದಲ ಪ್ರಶ್ನೆ ಇದೇ. ಡೂಮ್ ಪ್ಯಾಟ್ರೋಲ್ ಹುಟ್ಟಿಸಿದವರಲ್ಲಿ ಒಬ್ಬರಂತೂ ಇದೇ ಪ್ರಶ್ನೆಯನ್ನು ಉಲ್ಟಾ ಕೇಳಿಕೊಂಡೇ ಮುದುಕರಾದರು.

ಮೊದಲು ತಾರೀಖಿನ ಲೆಕ್ಕ ಮುಗಿಸಿಬಿಡೋಣ.

1960ರ ದಶಕದ ಆರಂಭದಲ್ಲಿ ಅಮೆರಿಕದ ಡಿಸಿ ಕಂಪನಿ ‘ಮೈ ಗ್ರೇಟೆಸ್ಟ್ ಅಡ್ವೆಂಚರ್’ ಅಂತ ಒಂದು ಕಾಮಿಕ್ ಪತ್ರಿಕೆ ತರುತ್ತಿತ್ತು. ಅದರ ವ್ಯಾಪಾರ ಬಿದ್ದುಹೋಗಿತ್ತು. ಏನಾದರೂ ಹೊಸದು ಬೇಕು ಅಂತ ಸಂಪಾದಕ ಮರ್ರೆ ಬೋಲ್ಟಿನಾಫ್ ಬರಹಗಾರ ಆರ್ನಾಲ್ಡ್ ಡ್ರೇಕ್ ಅವರನ್ನು ಕೇಳಿದರು. ಡ್ರೇಕ್ ತಮ್ಮ ಗೆಳೆಯ ಬಾಬ್ ಹೇನಿಯನ್ನು ಜೊತೆಗೆ ಹಾಕಿಕೊಂಡು ಕಥೆ ಕಟ್ಟಿದರು. ಬ್ರೂನೋ ಪ್ರೆಮಿಯಾನಿ ಚಿತ್ರ ಬರೆದರು. 80ನೇ ಸಂಚಿಕೆ, 1963ರ ಜೂನ್. ವೀಲ್‌ಚೇರ್‌ನಲ್ಲಿ ಕೂತ ನೈಲ್ಸ್ ಕಾಲ್ಡರ್ ಅನ್ನುವ ‘ಚೀಫ್’, ಮೆದುಳು ಮಾತ್ರ ಮನುಷ್ಯನದಾಗಿ ಉಳಿದ ರೋಬಾಟ್‌ಮ್ಯಾನ್, ಮೈತುಂಬ ಬ್ಯಾಂಡೇಜ್ ಸುತ್ತಿಕೊಂಡ ನೆಗೆಟಿವ್ ಮ್ಯಾನ್, ಮೈಯನ್ನು ಹಿಗ್ಗಿಸಿ ಕುಗ್ಗಿಸಬಲ್ಲ ನಟಿ ರೀಟಾ ಫಾರ್. ನೀವು ಟೀವಿಯಲ್ಲಿ ಕಂಡ ಮನೆಯ ನಾಲ್ಕು ಕಂಬಗಳು ಅಂದೇ ನಿಂತಿದ್ದವು.

ಎಕ್ಸ್‌-ಮೆನ್ ಮೊದಲ ಸಂಚಿಕೆಯ ಮುಖಪುಟದ ಮೇಲಿರುವುದು 1963ರ ಸೆಪ್ಟೆಂಬರ್. ಮಾರ್ವೆಲ್ ಕಂಪನಿಯದು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಮಾಡಿದ್ದು. ಅಲ್ಲೂ ವೀಲ್‌ಚೇರ್‌ನಲ್ಲಿ ಒಬ್ಬ ಪ್ರೊಫೆಸರ್ ಕೂತಿದ್ದಾನೆ.

ಹಾಗಾದರೆ ಮಾರ್ವೆಲ್‌ನವರೇ ಕಾಪಿ ಹೊಡೆದರಾ? ಇಲ್ಲಿಂದ ಮುಂದೆ ಮಜಾ ಇದೆ.

ಡೂಮ್ ಪ್ಯಾಟ್ರೋಲ್ ತನ್ನನ್ನು ಕರೆದುಕೊಂಡದ್ದು ‘ಲೋಕದ ಅತಿ ವಿಚಿತ್ರ ಹೀರೋಗಳು’ ಅಂತ. ಎಕ್ಸ್‌-ಮೆನ್ ಮೊದಲ ಮುಖಪುಟದ ಮೇಲೆ ‘ಎಲ್ಲರಿಗಿಂತ ವಿಚಿತ್ರ ಸೂಪರ್‌ಹೀರೋಗಳು’ ಅಂತಿದೆ. ಅಷ್ಟಕ್ಕೇ ನಿಲ್ಲಲಿಲ್ಲ. 1964ರ ಮಾರ್ಚ್ ಸಂಚಿಕೆಯಲ್ಲಿ ಡೂಮ್ ಪ್ಯಾಟ್ರೋಲ್‌ಗೆ ಹೊಸ ಶತ್ರುಗಳು ಬಂದರು. ಗುಂಪಿನ ಹೆಸರು ‘ಬ್ರದರ್‌ಹುಡ್ ಆಫ್ ಈವಿಲ್’. ಅದೇ 1964ರ ಮಾರ್ಚ್ ಸಂಚಿಕೆಯಲ್ಲಿ ಎಕ್ಸ್‌-ಮೆನ್‌ಗೂ ಹೊಸ ಶತ್ರುಗಳು ಬಂದರು. ಅವರ ಹೆಸರು ‘ಬ್ರದರ್‌ಹುಡ್ ಆಫ್ ಈವಿಲ್ ಮ್ಯೂಟೆಂಟ್ಸ್’. ಅದೇ ತಿಂಗಳು, ಒಂದು ಪದ ಜಾಸ್ತಿ. ಡ್ರೇಕ್ ತಲೆ ಕೆರೆದುಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಮೊದಮೊದಲು ಡ್ರೇಕ್‌ಗೂ ಇದು ಕಾಕತಾಳೀಯ ಅಂತಲೇ ಅನ್ನಿಸಿತ್ತಂತೆ. ಒಂದು ಕಾಮಿಕ್ ಪುಸ್ತಕ ಅಂದರೆ ಕಥೆ ಬರೆಯಬೇಕು, ಪೆನ್ಸಿಲ್ ಚಿತ್ರ ಆಗಬೇಕು, ಅದರ ಮೇಲೆ ಇಂಕು, ಅಕ್ಷರ, ಬಣ್ಣ, ಆಮೇಲೆ ಅಚ್ಚು. ಎದುರಾಳಿಯ ಪುಸ್ತಕ ಅಂಗಡಿಯಲ್ಲಿ ಕಂಡ ಮೇಲೆ ಶುರು ಮಾಡಿದರೆ ಮೂರು ತಿಂಗಳು ಸಾಲದು. ಆದರೆ ವಯಸ್ಸಾದ ಮೇಲೆ ಅವರ ಅಭಿಪ್ರಾಯ ತಿರುಗಿತು. ಆ ಕಾಲದಲ್ಲಿ ಎಷ್ಟೋ ಬರಹಗಾರರು, ಚಿತ್ರಗಾರರು ಎರಡೂ ಕಂಪನಿಗಳಿಗೆ ಗುಟ್ಟಾಗಿ ಕೆಲಸ ಮಾಡುತ್ತಿದ್ದರು, ಸುದ್ದಿ ಈ ಕಚೇರಿಯಿಂದ ಆ ಕಚೇರಿಗೆ ಹೋಗುವುದು ಕಷ್ಟವೇನಲ್ಲ ಅನ್ನುವುದು ಅವರ ವಾದ. ಕದ್ದೇ ಇದ್ದಾರೆ ಅಂತ ಸಂದರ್ಶನದಲ್ಲಿ ಹೇಳಿಯೂಬಿಟ್ಟರು. ಡ್ರೇಕ್ 2007ರಲ್ಲಿ ತೀರಿಕೊಂಡರು.

ನನಗೇನೋ ಕಳ್ಳತನ ಅನ್ನಿಸುವುದಿಲ್ಲ. ಇಬ್ಬರೂ ಒಂದೇ ಮನೆಯ ಒಲೆಯಿಂದ ಬೆಂಕಿ ತಂದುಕೊಂಡವರು. ಆ ಮನೆ ಮಾರ್ವೆಲ್‌ನ ‘ಫೆಂಟಾಸ್ಟಿಕ್ ಫೋರ್’, 1961ರದು. ಸೂಪರ್‌ಹೀರೋಗಳು ಮನೆಮಂದಿಯ ಹಾಗೆ ಜಗಳವಾಡಬಹುದು, ಶಕ್ತಿ ಬಂದದ್ದಕ್ಕೆ ಅಳಬಹುದು ಅಂತ ಅದು ತೋರಿಸಿಕೊಟ್ಟಿತು. ಅದರಲ್ಲಿ ಕಲ್ಲಿನ ಮೈಯ ಬೆನ್ ಗ್ರಿಮ್ ಪಡುವ ಸಂಕಟ ನೋಡಿ, ಆಮೇಲೆ ತಗಡಿನ ಮೈಯ ರೋಬಾಟ್‌ಮ್ಯಾನ್‌ನನ್ನು ನೋಡಿ. ಅಣ್ಣತಮ್ಮಂದಿರ ಹಾಗಿದ್ದಾರೆ.

ಸರಿ, ಡೂಮ್ ಪ್ಯಾಟ್ರೋಲ್ ಮೊದಲು ಬಂದಿದ್ದರೆ ನಮಗೆ ಅದೇ ಕಾಪಿಯ ಹಾಗೆ ಯಾಕೆ ಕಾಣುತ್ತದೆ? ಅದು ಬೇಗ ಸತ್ತುಹೋಯಿತು, ಅದಕ್ಕೆ. 1968ರಲ್ಲಿ ವ್ಯಾಪಾರ ಬಿದ್ದು ಪತ್ರಿಕೆ ಮುಚ್ಚುವ ಹೊತ್ತಿಗೆ ಡ್ರೇಕ್ ಒಂದು ಕೆಲಸ ಮಾಡಿದರು. ಕೊನೆಯ ಸಂಚಿಕೆಯಲ್ಲಿ ಮೇನ್ ರಾಜ್ಯದ ಒಂದು ಮೀನುಗಾರರ ಹಳ್ಳಿ ಬರುತ್ತದೆ. ಅಲ್ಲಿರುವವರು ಬರೀ 14 ಜನ. ಆ 14 ಜನ ಸಾಯಬೇಕಾ, ನೀವು ನಾಲ್ವರು ಸಾಯಬೇಕಾ ಅಂತ ವಿಲನ್ ಕೇಳುತ್ತಾನೆ. ನಾವೇ ಸಾಯುತ್ತೇವೆ ಅನ್ನುತ್ತಾರೆ. ಸ್ಫೋಟ. ಮುಗಿಯಿತು. ಹೀರೋಗಳನ್ನು ಹೀಗೆ ಒಟ್ಟಿಗೆ ಕೊಂದು ಪತ್ರಿಕೆ ಮುಚ್ಚುವುದು ಆ ಕಾಲಕ್ಕೆ ಊಹಿಸಲೂ ಆಗದ ಮಾತು. ಆಮೇಲೆ ರೋಬಾಟ್‌ಮ್ಯಾನ್‌ನನ್ನು ಬದುಕಿಸಿದರು, ಹೊಸ ತಂಡ ಕಟ್ಟಿದರು, ಎಕ್ಸ್‌-ಮೆನ್‌ನಷ್ಟು ಹೆಸರು ಮಾತ್ರ ಬರಲಿಲ್ಲ.

ಎಕ್ಸ್‌-ಮೆನ್‌ಗೂ ಉಬ್ಬಸ ಬಂದಿತ್ತು ಅನ್ನಿ. 1970ರಿಂದ 1975ರವರೆಗೆ ಬರೀ ಹಳೇ ಕಥೆಗಳನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ ಹೊಸ ತಂಡ ಬಂತು, ಆಮೇಲೆ ಹಿಂತಿರುಗಿ ನೋಡಲಿಲ್ಲ. 2000ದಲ್ಲಿ ಸಿನಿಮಾ ಬಂತು. ವೀಲ್‌ಚೇರ್ ಅಂದರೆ ಪ್ರೊಫೆಸರ್ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟೂವರ್ಟ್ ಅವರ ಬೋಳುತಲೆ ಅಂತ ನಮ್ಮೆಲ್ಲರ ಮನಸ್ಸಲ್ಲಿ ಕೂತುಬಿಟ್ಟಿತು. ಡೂಮ್ ಪ್ಯಾಟ್ರೋಲ್ ಸೀರೀಸ್ ಶುರುವಾದದ್ದು 2019ರ ಫೆಬ್ರುವರಿಯಲ್ಲಿ. ಹತ್ತೊಂಬತ್ತು ವರ್ಷ ತಡವಾಗಿ ಮನೆಗೆ ಬಂದ ಹಿರಿಮಗನನ್ನು ನೋಡಿ ಇವನು ಅಚ್ಚು ಚಿಕ್ಕವನ ಹಾಗೇ ಇದ್ದಾನೆ ಅಂದರೆ ತಪ್ಪು ಯಾರದು?

ತಾರೀಖಿನ ಜಗಳ ಇಲ್ಲಿಗೆ ಸಾಕು. ನಿಜವಾದ ಉತ್ತರ ತಾರೀಖಿನಲ್ಲಿಲ್ಲ, ಆ ವೀಲ್‌ಚೇರ್‌ನಲ್ಲಿದೆ. ಅದಕ್ಕೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಮೊದಲ ಸೀಸನ್‌ನ ದೊಡ್ಡ ಗುಟ್ಟನ್ನು ಮುಂದೆ ಬಿಡುತ್ತೇನೆ. ನೋಡಿಯೇ ತಿಳಿಯಬೇಕು ಅನ್ನುವವರು ಈಗಲೇ ಎದ್ದುಬಿಡಿ.

ಎಕ್ಸ್‌-ಮೆನ್ ಜನರ ಶಕ್ತಿ ಹುಟ್ಟಿನಿಂದ ಬಂದದ್ದು. ಅವರು ಮ್ಯೂಟೆಂಟ್‌ಗಳು. ಅದು ಅವರ ರಕ್ತದಲ್ಲೇ ಇದೆ. ಹಾಗಾಗಿ ಅವರದೊಂದು ಜನಾಂಗ. ಜಗತ್ತು ಅವರನ್ನು ದ್ವೇಷಿಸಿದರೂ, ನಾವು ಅಂತ ಹೇಳಿಕೊಳ್ಳುವುದಕ್ಕೆ ಒಂದು ಕುಲ ಇದೆ, ಹಕ್ಕು ಕೇಳುವುದಕ್ಕೆ ಒಂದು ದನಿ ಇದೆ. ಪ್ರೊಫೆಸರ್ ಜೇವಿಯರ್ ಅವರಿಗೆ ಶಾಲೆ ಕಟ್ಟುತ್ತಾನೆ. ಮೊದಲ ಸಂಚಿಕೆಯಲ್ಲೇ ಆ ಹುಡುಗರು ಕ್ಷಿಪಣಿ ನೆಲೆಯೊಂದನ್ನು ಮ್ಯಾಗ್ನೆಟೋ ಅನ್ನುವ ವಿಲನ್ ಕೈಯಿಂದ ಬಿಡಿಸಿ ಸೇನೆಯವರಿಂದ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಾರೆ.

ಡೂಮ್ ಪ್ಯಾಟ್ರೋಲ್ ಸೀರೀಸ್‌ನ ಮೊದಲ ಕಂತು ನೆನಪು ಮಾಡಿಕೊಳ್ಳಿ. ಚೀಫ್ ಊರಲ್ಲಿಲ್ಲದಾಗ ಇವರು ಹೇಳದೆ ಕೇಳದೆ ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗುತ್ತಾರೆ. ರೀಟಾ ಗಾಬರಿಯಾಗಿ ಮುದ್ದೆಯ ಹಾಗೆ ಕರಗಿ ಬೀದಿ ತುಂಬ ಹರಿಯುತ್ತಾಳೆ. ಊರು ಉಳಿಸುವುದಿರಲಿ, ಇವರು ಹೋದದ್ದಕ್ಕೇ ಊರು ಹಾಳಾಯಿತು.

ಇವರಿಗೆ ಕುಲವೂ ಇಲ್ಲ. ಒಬ್ಬೊಬ್ಬರದು ಒಂದೊಂದು ಅಪಘಾತ. ರೋಬಾಟ್‌ಮ್ಯಾನ್ ಆದ ಕ್ಲಿಫ್ ಸ್ಟೀಲ್ ಕಾರ್ ರೇಸಿನವನು. ಹೆಂಡತಿಗೆ ಮೋಸ ಮಾಡಿದವನು. 1988ರಲ್ಲಿ ಅವನ ಕಾರು ಅಪಘಾತಕ್ಕೆ ಸಿಕ್ಕಿ ಹೆಂಡತಿ ಸತ್ತಳು, ಇವನ ಮೆದುಳು ಮಾತ್ರ ಉಳಿಯಿತು. ಈಗ ಅವನಿಗೆ ಮುಟ್ಟಿದ್ದು ತಿಳಿಯುವುದಿಲ್ಲ, ತಿಂದದ್ದರ ರುಚಿ ಇಲ್ಲ. ಬಾಯಿ ಬಿಟ್ಟರೆ ಬೈಗುಳ. ಅವನ ದನಿ ಬ್ರೆಂಡನ್ ಫ್ರೇಸರ್ ಅವರದು, ತಗಡಿನ ಒಳಗಿರುವ ಮೈ ರೈಲಿ ಶಾನಹಾನ್ ಅವರದು. ನೆಗೆಟಿವ್ ಮ್ಯಾನ್ ಆದ ಲ್ಯಾರಿ ಟ್ರೇನರ್ 1961ರ ವಾಯುಸೇನೆಯ ಪೈಲಟ್. ಹೆಂಡತಿ ಮಕ್ಕಳಿದ್ದರೂ ಅವನು ಪ್ರೀತಿಸಿದ್ದು ಜಾನ್ ಅನ್ನುವ ಗಂಡಸನ್ನು. ಆ ಕಾಲದ ಸೇನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ವಿಮಾನ ಬಿದ್ದು ಮೈ ಸುಟ್ಟ ಮೇಲೆ ಅವನು ಬ್ಯಾಂಡೇಜ್ ಸುತ್ತಿಕೊಂಡ. ಬಚ್ಚಿಟ್ಟುಕೊಳ್ಳುವುದು ಅವನಿಗೆ ಅದಕ್ಕೂ ಮೊದಲೇ ಅಭ್ಯಾಸವಾಗಿತ್ತು. ಸೀರೀಸ್‌ನಲ್ಲಿ ಇವರ ಜೊತೆಗಿರುವ ಜೇನ್ ಅನ್ನುವ ಹುಡುಗಿಯ ಒಳಗೆ 64 ಜನ ಇದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಶಕ್ತಿ. ಚಿಕ್ಕವಳಿದ್ದಾಗ ಅಪ್ಪ ಕೊಟ್ಟ ಹಿಂಸೆಯಿಂದ ಒಡೆದು ಹೋದ ಮನಸ್ಸು ಅದು.

ಎಕ್ಸ್‌-ಮೆನ್ ಲೋಕದಲ್ಲಿ ಜನ ಅವರನ್ನು ಕಂಡು ಹೇಸುತ್ತಾರೆ. ಇಲ್ಲಿ ಇವರಿಗೇ ಇವರನ್ನು ಕಂಡರೆ ಆಗುವುದಿಲ್ಲ. ಹೊರಗಿನ ಲೋಕ ಬಾಗಿಲು ತಟ್ಟುವ ಮೊದಲೇ ಇವರು ಒಳಗಿಂದ ಚಿಲಕ ಹಾಕಿಕೊಂಡು ಎಷ್ಟೋ ದಶಕ ಕೂತಿದ್ದಾರೆ. ಎಲ್ಲೂ ಸಲ್ಲದವರು ಅಂತಾರಲ್ಲ, ಅದು.

ಈಗ ಗುಟ್ಟು. ಈ ಅಪಘಾತಗಳು ಅಪಘಾತಗಳಲ್ಲ. ಅಷ್ಟನ್ನೂ ಮಾಡಿಸಿದವನು ಚೀಫ್.

ಯಾವ ಮನುಷ್ಯ ಇವರನ್ನು ಬದುಕಿಸಿ, ಮನೆ ಕೊಟ್ಟು, ಸಮಾಧಾನ ಹೇಳಿ ಸಾಕಿದನೋ ಅವನೇ ಇವರ ಬದುಕು ಮುರಿದವನು. ಅವನಿಗೆ ಡೊರೋತಿ ಅಂತ ಒಬ್ಬ ಮಗಳು. ಅವಳಿಗೆ ಆಯಸ್ಸು ಬಹಳ, ಅವಳ ಶಕ್ತಿ ಭಯಂಕರ. ಅವಳನ್ನು ಕಾಯಲು ತಾನೂ ಸಾಯದೆ ಉಳಿಯಬೇಕು. ಸಾವಿಲ್ಲದ ಮೈ ಹೇಗಿರಬಹುದು ಅಂತ ಪರೀಕ್ಷೆ ಮಾಡಲು ಅವನಿಗೆ ಮನುಷ್ಯರು ಬೇಕಿದ್ದರು. ತಿಮೋತಿ ಡಾಲ್ಟನ್ ಈ ಪಾತ್ರ ಮಾಡಿದ್ದಾರೆ, ಹಿಂದೆ ಜೇಮ್ಸ್ ಬಾಂಡ್ ಆಗಿದ್ದವರು. ಮಗಳ ಮೇಲಿನ ಪ್ರೀತಿಯೂ ನಿಜ, ಮಾಡಿದ ಪಾಪವೂ ನಿಜ ಅಂತ ಅವರ ಕಣ್ಣು ನೋಡಿದರೆ ಗೊತ್ತಾಗುತ್ತದೆ. ನನಗೆ ಅವನನ್ನು ಕ್ಷಮಿಸಲು ಆಗಲಿಲ್ಲ. ದ್ವೇಷಿಸಲೂ ಆಗಲಿಲ್ಲ, ಅದೇ ಕಿರಿಕಿರಿ.

ಇದು ಟೀವಿಯವರು ಹೊಸದಾಗಿ ಹೊಳೆಯಿಸಿಕೊಂಡದ್ದಲ್ಲ. 1989ರಲ್ಲಿ ಗ್ರ್ಯಾಂಟ್ ಮಾರಿಸನ್ ಈ ಕಾಮಿಕ್ ಬರೆಯಲು ಕೂತರು. ಜೇನ್‌ಳನ್ನು ತಂದವರು ಅವರು, ಮಾತಾಡುವ ಬೀದಿಯನ್ನು ತಂದವರೂ ಅವರೇ. ಅವರ ಕಥೆಯ ಕೊನೆಯ ಹೊತ್ತಿಗೆ ಚೀಫ್ ಬಣ್ಣ ಬಯಲಾಯಿತು. ಎಕ್ಸ್‌-ಮೆನ್ ಜೊತೆ ಅತಿ ಹೆಚ್ಚು ಹೋಲುವ ವಸ್ತು ಯಾವುದಿತ್ತೋ, ಅಂದರೆ ಆ ವೀಲ್‌ಚೇರ್ ಮೇಷ್ಟ್ರು, ಅವನನ್ನೇ ಹಿಡಿದು ಬುಡಮೇಲು ಮಾಡಿದರು. ಸೀರೀಸ್ ಕಟ್ಟಿದ ಜೆರೆಮಿ ಕಾರ್ವರ್ ಆ ಒಂದು ಎಳೆಯ ಮೇಲೆ ಇಡೀ ಮೊದಲ ಸೀಸನ್ ನೇಯ್ದರು.

ಮಾತಾಡುವ ಬೀದಿ ಅಂದೆ. ಡ್ಯಾನಿ ಅಂತ ಅದರ ಹೆಸರು. ಬೀದಿಯೇ ಒಂದು ಜೀವ. ಅಂಗಡಿಯ ಬೋರ್ಡುಗಳಲ್ಲಿ, ಬ್ಯಾನರಿನಲ್ಲಿ ಅಕ್ಷರ ಮೂಡಿಸಿ ಮಾತಾಡುತ್ತದೆ. ಬೇಕಾದಾಗ ಈ ಊರಿಂದ ಎದ್ದು ಇನ್ನೊಂದು ಊರಿನ ನಡುವೆ ಹೋಗಿ ಕೂರುತ್ತದೆ. ಗಂಡಲ್ಲ, ಹೆಣ್ಣಲ್ಲ. ಮನೆಯವರು ಹೊರಗೆ ಹಾಕಿದವರಿಗೆಲ್ಲ ಅಲ್ಲಿ ಜಾಗ. ಪ್ರೊಫೆಸರ್ ಶಾಲೆ ಕೊಟ್ಟ, ಡ್ಯಾನಿ ತಾನೇ ಬೀದಿಯಾಗಿ ಜಾಗ ಕೊಟ್ಟಿತು. ಲ್ಯಾರಿ ಅಲ್ಲಿಗೆ ಹೋದಾಗ ವೇದಿಕೆ ಹತ್ತಿ ಎಲ್ಲರೆದುರು ಮನಬಿಚ್ಚಿ ಹಾಡುವುದನ್ನು ಕಣ್ಮುಂದೆ ಕಂಡುಕೊಳ್ಳುತ್ತಾನೆ. ಕಂಡುಕೊಳ್ಳುತ್ತಾನೆ ಅಷ್ಟೆ. ಆ ಒಂದು ದೃಶ್ಯಕ್ಕೆ ಎಕ್ಸ್‌-ಮೆನ್‌ನ ಎರಡು ಸಿನಿಮಾ ಬಿಟ್ಟುಕೊಡಲು ನಾನು ತಯಾರು.

ಪಕ್ಷಪಾತ ಬೇಡ, ಇದನ್ನೂ ಹೇಳಿಬಿಡುತ್ತೇನೆ. ಒಂದೇ ತಲೆಯಲ್ಲಿ ಹಲವು ಜನ, ಒಬ್ಬೊಬ್ಬರಿಗೆ ಬೇರೆ ಶಕ್ತಿ ಅನ್ನುವುದು ಜೇನ್‌ಗಿಂತ ಮೊದಲೇ ಎಕ್ಸ್‌-ಮೆನ್ ಲೋಕದಲ್ಲಿತ್ತು. ಪ್ರೊಫೆಸರ್‌ನ ಮಗ ‘ಲೀಜನ್’ 1985ರಲ್ಲೇ ಬಂದಿದ್ದ. ಜೇನ್ ಬಂದದ್ದು 1989ರಲ್ಲಿ. ಸೀರೀಸ್‌ನಲ್ಲಿ ಬರುವ ಅರ್ಧ ಯಂತ್ರದ ಮೈಯ ಹೀರೋ ಸೈಬಾರ್ಗ್ ಕೂಡ ಮೂಲ ಡೂಮ್ ಪ್ಯಾಟ್ರೋಲ್‌ನವನಲ್ಲ. 1980ರಲ್ಲಿ ಡಿಸಿಯದೇ ಇನ್ನೊಂದು ತಂಡವಾದ ಟೀನ್ ಟೈಟನ್ಸ್‌ಗೆ ಅಂತ ಹುಟ್ಟಿದವನನ್ನು ಸೀರೀಸ್‌ನವರು ಪಕ್ಕದ ಮನೆಯಿಂದ ಕರೆತಂದರು.

ಬರೆಯುವವರೂ ಹೀಗೇ ಮನೆ ಬದಲಿಸಿದ್ದಾರೆ. ಕದ್ದರು ಅಂತ ದೂರಿದ ಡ್ರೇಕ್ ಅವರೇ 1968ರಲ್ಲಿ ಮಾರ್ವೆಲ್‌ಗೆ ಹೋಗಿ ಎಕ್ಸ್‌-ಮೆನ್‌ನ ಕೆಲವು ಸಂಚಿಕೆ ಬರೆದರು. ಮಾರಿಸನ್ 2001ರಲ್ಲಿ ಅದೇ ದಾರಿ ಹಿಡಿದು ಮೂರು ವರ್ಷ ಎಕ್ಸ್‌-ಮೆನ್ ಬರೆದರು.

ನೀವು ಎರಡು ಕಂತಿಗೆ ನಿಲ್ಲಿಸಿದ್ದೀರಿ. ಒಟ್ಟು ನಾಲ್ಕು ಸೀಸನ್, 46 ಕಂತು, 2023ರ ನವೆಂಬರ್‌ನಲ್ಲಿ ಮುಗಿಯಿತು. ಅಷ್ಟನ್ನೂ ನೋಡಿ ಅನ್ನುವುದಿಲ್ಲ. ನಡುವೆ ಹಲ್ಲು ಮೂಡಿ ಓಡಾಡುವ ಕುಂಡೆಗಳೂ ಬರುತ್ತವೆ, ಅದನ್ನು ಸಹಿಸುವುದು ಎಲ್ಲರಿಗೂ ಆಗದು. ಮೊದಲ ಸೀಸನ್‌ನ 15 ಕಂತು ಮುಗಿಸಿ ಸಾಕು. ಮುಗಿಸಿದ ಮೇಲೆ ಮೊದಲ ಕಂತನ್ನು ಇನ್ನೊಮ್ಮೆ ಹಾಕಿ. ಹೊಸ ತಗಡಿನ ಮೈಯಲ್ಲಿ ಕಣ್ಣುಬಿಟ್ಟ ಕ್ಲಿಫ್ ಜೊತೆ ಚೀಫ್ ಎಷ್ಟು ಸಮಾಧಾನವಾಗಿ ಮಾತಾಡುತ್ತಾನೆ ನೋಡಿ.